ಹುಚ್ಚಣ್ಣನ ಮೀನುಹೊಂಡ

ಬೆಳಗಾಗುವಷ್ಟರಲ್ಲಿ ಹೊಂಡದ ತುಂಬ ಬಿಳೀ ಹೊಟ್ಟೆಗಳು.

ಒಂದೂ ಉಳಿದಿರಲಿಲ್ಲ. ಮೊಳದುದ್ದದ ಕಾಟ್ಲಾ, ಅಂಗೈಯಗಲದ ಗೆಂಡೆ, ಎಲ್ಲ ಮಗುಚಿಕೊಂಡು ತೇಲುತ್ತಿದ್ದವು. ಸಂಪಿಗೆ ಊರಿನ ಕಡೆಯ ತೆಂಗಿನ ತೋಟದ ಯಜಮಾನ ಹುಚ್ಚಣ್ಣ ಹಿತ್ತಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದ. ಅವನ ಹೆಂಡತಿ ಚಿಕ್ಕಗೌರಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು. ಬೇಲಿಯಾಚೆ ಅರ್ಧ ಊರು ನೆರೆದಿತ್ತು.

"ವಿಷ ಹಾಕವ್ನೆ ಸಾರ್! ಆ ಮಾಯಣ್ಣ ನನ್ನ ಹೊಟ್ಟೆ ಉರಿಸ್ಬುಟ್ಟ!"

ದಫೇದಾರ್ ಶಂಭುಲಿಂಗಯ್ಯ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ ಅವರು. ಸಂತೆಯಲ್ಲಿ ಮೀನಿನ ಬುಟ್ಟಿ ಕಂಡರೆ ರಸ್ತೆ ದಾಟಿ ಆಚೆ ಬದಿ ಹಿಡಿಯುವ ಆಸಾಮಿ. ಇಡೀ ಠಾಣೆಯಲ್ಲಿ ಈ ಕೇಸಿಗೆ ಇವರೇ ಸಿಗಬೇಕೆ? ಹಣೆಬರಹ, ಇನ್ನೇನು!

"ಮಾಯಣ್ಣ ಯಾರು?"

"ನಮ್ಮ ತೋಟದಾಳು ಸಾರ್. ತೋಟದ ಮೂಲೇಲೇ ಗುಡಿಸ್ಲು. ಕೊಕ್ಕರೆ ಕಾಟ ತಡೀಲಾರದೆ ಹೊಂಡದ ಮೇಲೆ ಬಲೆ ಕಟ್ಟಿದ್ದೆ. ಐದು ದಿನದ ಹಿಂದೆ ಒಂದು ಕೊಕ್ಕರೆ ಸಿಗಾಕ್ಕಂಡ್ತು. ಇವನು ಕುಡುಗೋಲು ತಗಂಡು ನನ್ನ ಬಲೆ ಕೊಯ್ದು ಅದನ್ನ ಹಾರಿಸ್ಬುಟ್ಟ! ಬೈದೆ. ಆವಾಗಿಂದ ಮುಖ ಗಂಟು ಹಾಕ್ಕಂಡಿದ್ದ. ಅವನ ಗುಡಿಸ್ಲು ನೋಡ್ರೀ ಸಾರ್. ಸೂರು ನೋಡ್ರೀ!"

ನೋಡಿದರು. ಕಾನ್ಸ್‌ಟೇಬಲ್ ಗಂಗಯ್ಯ ಸೂರಿನ ಸೋಗೆಗೆ ಕೈ ಹಾಕಿದ. ಮೊದಲ ಸಲಕ್ಕೇ ಬಾಟ್ಲಿ ಕೈಗೆ ಬಂತು. ಎಂಡ್ರಿನ್, ಹುಳ ಸಾಯಿಸುವ ವಿಷ. ಅರ್ಧ ಖಾಲಿ.

"ನಮ್ದೇ ಸಾರ್ ಅದು! ತೆಂಗಿನ ಸುಳಿಗೆ ದುಂಬಿ ಬಿದ್ದಿತ್ತು ಅಂತ ತಂದಿದ್ದೆ" ಅಂದ ಹುಚ್ಚಣ್ಣ.

ಮಾಯಣ್ಣ ಕೈ ಮುಗಿದ. "ನನ್ನ ಮಕ್ಕಳಾಣೆ, ನಾನು ಮುಟ್ಟಿಲ್ಲ ಬುದ್ಧಿ. ಆ ಕೊಕ್ಕರೆ ವಿಲವಿಲ ಒದ್ದಾಡ್ತಿತ್ತು, ನೋಡಕ್ಕಾಗ್ನಿಲ್ಲ. ಬಲೆ ಕೊಯ್ದಿದ್ದು ಹೌದು. ವಿಷ ಹಾಕಿಲ್ಲ."

ಕೇಳುವವರು ಯಾರು? ಅವನನ್ನು ತುರುವೇಕೆರೆ ಠಾಣೆಗೆ ಕರೆದೊಯ್ದರು. ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಬಾಟ್ಲಿ ಸಿಕ್ಕಿತ್ತು, ಜಗಳ ಸಿಕ್ಕಿತ್ತು, ಆಳು ಸಿಕ್ಕಿದ್ದ. ಸಂಜೆಗೆ ಕೋರ್ಟಿಗೆ ಹಾಜರು ಅಂದುಬಿಟ್ಟರು. ನೀರಿನ ಪರೀಕ್ಷೆಯ ವರದಿ ಬರಲು ತಿಂಗಳು ಬೇಕು. ಅಲ್ಲಿಯವರೆಗೆ ಮಾಯಣ್ಣ ಒಳಗೆ. ಇತ್ತ ಹುಚ್ಚಣ್ಣ, ಇವತ್ತೇ ಗುಡಿಸಲು ಕೀಳಿಸ್ತೀನಿ ಅಂತ ಎಲ್ಲರಿಗೂ ಕೇಳುವಂತೆ ಕೂಗಿದ್ದ.

*

ಹನ್ನೊಂದು ಗಂಟೆಗೆ ಶಂಭುಲಿಂಗಯ್ಯ ಒಬ್ಬರೇ ತೋಟಕ್ಕೆ ವಾಪಸು ಬಂದರು. ಯಾಕೆ ಬಂದರೋ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬಾಟ್ಲಿ ಅಷ್ಟು ಸಲೀಸಾಗಿ ಸಿಕ್ಕಿದ್ದು ಮನಸ್ಸಿಗೆ ಬಂದಿರಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಸಲಕ್ಕೆ ಕೈಗೆ ಬಂದ ಮಾಲು ಇದೊಂದೇ.

ಗುಡಿಸಲಿನ ಮುಂದೆ ಮಾಯಣ್ಣನ ಹೆಂಡತಿ ನಿಂಗಮ್ಮ ಪಾತ್ರೆ ಪಡಗ ಹೊರಗಿಟ್ಟುಕೊಂಡು ಕೂತಿದ್ದಳು. ಸತ್ತ ಮೀನನ್ನೆಲ್ಲ ಎಳೆದು ದಡದ ಮೇಲೆ ಗುಡ್ಡೆ ಹಾಕಿದ್ದರು. ಗುಡ್ಡೆಯ ಮೇಲೆ ಮೂರು ಕೊಕ್ಕರೆ. ಒಂದು ಕತ್ತು ನೀಟಿ ಗೆಂಡೆಮರಿಯೊಂದನ್ನು ಇಡಿಯಾಗಿ ನುಂಗಿತು.

"ಇವು ಯಾವಾಗಿಂದ ತಿಂತಾವಮ್ಮಾ?"

"ಹೊತ್ತು ಮೂಡಿದಾಗಿಂದಲೂ ತಿಂತಾನೇ ಅವೆ ಸ್ವಾಮಿ. ನಾಯೀನೂ ಎರಡು ಎತ್ಕಂಡು ಹೋಯ್ತು. ಯಾರಿಗೆ ಬೇಕಾಗಿತ್ತು ಇವುಗಳ ಉಸಾಬರಿ! ಇವುಗಳಿಂದಲೇ ನನ್ನ ಗಂಡ ಜೈಲು ಸೇರ್ದ."

ಶಂಭುಲಿಂಗಯ್ಯ ತೋಟವನ್ನು ಒಂದು ಸುತ್ತು ಹಾಕಿದರು. ಬದು ನೋಡಿದರು, ಪಾತಿ ನೋಡಿದರು. ಸತ್ತ ಹಕ್ಕಿ ಒಂದೂ ಇಲ್ಲ. ನಾಯಿ ನೆರಳಲ್ಲಿ ಬಿದ್ದುಕೊಂಡು ಬಾಲ ಆಡಿಸುತ್ತಿತ್ತು. ಮೀನಿನ ವಿಷಯ ಅವರಿಗೆ ತಿಳಿಯದು, ನಿಜ. ಆದರೆ ಎಂಡ್ರಿನ್ ಏನು ಅಂತ ಗೊತ್ತಿತ್ತು. ಅದನ್ನು ಕುಡಿದು ಸತ್ತವರ ಪಂಚನಾಮೆ ಬರೆದ ಕೈ ಅದು. ವಿಷದ ಮೀನು ತಿಂದ ಕೊಕ್ಕರೆ ನಾಲ್ಕೈದು ಗಂಟೆ ಹೊತ್ತು ಹೀಗೆ ಮೆರೆಯುತ್ತದೆಯೆ?

ವಿಷವಲ್ಲದಿದ್ದರೆ ಇನ್ನೇನು? ಕಣ್ಣು ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಹೋಯಿತು. ಡೀಸೆಲ್ ಕಲೆ. ಎಂಜಿನ್ ಇಲ್ಲ.

*

"ಡೀಸೆಲ್ಲಾ?" ಮೆಕ್ಯಾನಿಕ್ ಅಕ್ಬರ್ ಪಾಷಾಗೆ ಸಿಟ್ಟೇ ಬಂತು. ತುರುವೇಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ಅವನ ಶೆಡ್ಡಿನಲ್ಲಿ ಹುಚ್ಚಣ್ಣನ ಎಂಜಿನ್ ಬಿಚ್ಚಿಕೊಂಡು ಬಿದ್ದಿತ್ತು. "ಒಂದು ಲೋಟ ಡೀಸೆಲ್ ಚೆಲ್ಲಿದ್ರೂ ನೀರ ಮೇಲೆ ಬಣ್ಣ ಬಣ್ಣ ಆಡ್ತದೆ ಸಾಬ್. ನೀವು ನೋಡಿದ್ರಾ?"

"ಇಲ್ಲ."

"ಮತ್ತೆ? ಎಂಜಿನ್ ಇಲ್ಲಿಗೆ ಬಂದು ಆರು ದಿನ ಆಯ್ತು. ಹೊಂಡಕ್ಕೆ ಒಂದು ಹನಿ ಹೊಸ ನೀರು ಬಿದ್ದಿಲ್ಲ. ನಿನ್ನೆ ಸಾಯಂಕಾಲ ಪಿಸ್ಟನ್ ಬಂತು ಅಂತ ಹೇಳಕ್ಕೆ ಹೋಗಿದ್ದೆ. ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಉಸಿರು ಕಟ್ಟಿದಂಗೆ."

"ಹುಚ್ಚಣ್ಣನಿಗೆ ಹೇಳ್ದ್ಯಾ?"

"ಹೇಳ್ದೆ ಸಾಬ್. 'ಸೆಕೆಗೆ ಹಂಗೆ ಮಾಡ್ತವೆ ಬುಡು' ಅಂದ್ರು."

ಬೆಳಿಗ್ಗೆ ಅಷ್ಟೊಂದು ಮಾತಾಡಿದ ಹುಚ್ಚಣ್ಣ ಇದೊಂದನ್ನು ಮಾತ್ರ ಹೇಳಿರಲಿಲ್ಲ. ಗೋಡೆ ಗಡಿಯಾರದಲ್ಲಿ ಒಂದೂವರೆ. ಶಂಭುಲಿಂಗಯ್ಯ ಊಟದ ಯೋಚನೆ ಬಿಟ್ಟು ಸೈಕಲ್ ತುಳಿದರು.

*

ಹುಚ್ಚಣ್ಣ ಮನೆಯಲ್ಲಿರಲಿಲ್ಲ. ಬಚ್ಚಲು ಮನೆಯಿಂದ ಹೊಗೆಯೋ ಹೊಗೆ. ಒಳಗೆ ಚಿಕ್ಕಗೌರಮ್ಮ ಹಂಡೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದಳು. ಕಣ್ಣಲ್ಲಿ ನೀರು.

"ಹೊತ್ತಾರೆಯಿಂದ ಊದಿ ಊದಿ ಸಾಕಾಯ್ತು ಸಾರ್. ಈ ಕಾಯಿಮಟ್ಟೆ ಹತ್ತಂಗೇ ಇಲ್ಲ."

ಎರಡು ತಿಂಗಳಿಂದ ಮಳೆ ಇಲ್ಲ. ಎಂಬತ್ತೆರಡರ ಆ ಏಪ್ರಿಲ್ ಬಿಸಿಲಿಗೆ ನೆಲವೇ ಬಿರಿದಿತ್ತು. ತೆಂಗಿನಕಾಯಿ ಸುಲಿದ ಮಟ್ಟೆ ಗರಿಗರಿ ಒಣಗಿ ದಗ್ಗನೆ ಹತ್ತಬೇಕು. ಶಂಭುಲಿಂಗಯ್ಯ ಒಲೆಯಿಂದ ಒಂದು ಮಟ್ಟೆ ಎಳೆದರು. ಕಪ್ಪಗಿತ್ತು. ಲೋಳೆ ಲೋಳೆ. ಮೂಗಿನ ಹತ್ತಿರ ತಂದರು. ಆ ನಾತ! ಕಂದಿಕೆರೆಯ ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದವರು. ನಾರು ಬಿಡಿಸಲೆಂದು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿದ ಮಟ್ಟೆಯ ಗುಂಡಿ ಕಣ್ಣಿಗೆ ಬಂತು. ಟೀ ಡಿಕಾಕ್ಷನ್ ಬಣ್ಣದ ನೀರು. ಅದರಲ್ಲಿ ಒಂದು ಕಪ್ಪೆಯೂ ಬದುಕುತ್ತಿರಲಿಲ್ಲ.

ಹೊರಗೆ ಬಂದು ನೋಡಿದರು. ಹುಚ್ಚಣ್ಣನ ಹೊಂಡದ ನೀರೂ ಅದೇ ಬಣ್ಣ. ಬೆಳಿಗ್ಗೆ ಮೀನಿನ ಅಸಹ್ಯಕ್ಕೆ ಮುಖ ತಿರುಗಿಸಿದ್ದರಲ್ಲ, ನೋಡಿರಲಿಲ್ಲ. ತಮ್ಮನ್ನು ತಾವೇ ಬೈದುಕೊಂಡರು.

ಹಿತ್ತಿಲ ಮಟ್ಟೆ ರಾಶಿಯನ್ನು ಕೆದಕಿದರು. ಮೇಲೆ ಒಣಗಿದ್ದು. ಕೆಳಗೆ ಗಾಡಿಯಷ್ಟು ಒದ್ದೆ ಮಟ್ಟೆ.

"ಇದು ನಿನ್ನೆ ಇತ್ತಾ ತಾಯಿ?"

ಚಿಕ್ಕಗೌರಮ್ಮ ರಾಶಿ ನೋಡಿದಳು. ಹೊಂಡ ನೋಡಿದಳು. ಅಲ್ಲೇ ಕೂತಳು.

"ನಾನು ಗೊತ್ತಿಲ್ಲ ಅಂದ್ರೆ... ಮಾಯಣ್ಣ ಜೈಲಿಗೆ ಹೋಗ್ತಾನಾ ಸಾರ್?"

"ಹೋಗ್ತಾನಮ್ಮ. ಇವತ್ತೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಹೊಗೆಯ ಕಣ್ಣೀರಾಗಿರಲಿಲ್ಲ. "ಇತ್ತು ಸಾರ್. ನಿನ್ನೆ ಸಂಜೆವರ್ಗೂ ಹೊಂಡದೊಳಗೆ ಇತ್ತು." ಉಳಿದದ್ದನ್ನೂ ಒಂದೊಂದಾಗಿ ಹೇಳಿದಳು.

*

ಮೂರೂವರೆಗೆ ಜೀಪು ಬಂತು. ಕೋರ್ಟಿಗೆ ಮುಂಚೆ ಸ್ಥಳ ಮಹಜರು ಆಗಬೇಕಿತ್ತು. ಮಾಯಣ್ಣನ ಕೈಗೆ ಬೇಡಿ. ಮತ್ತೆ ಊರು ನೆರೆಯಿತು. ಸುದ್ದಿ ಕೇಳಿ ಹುಚ್ಚಣ್ಣನೂ ಓಡಿಬಂದ.

"ಸಾರ್, ಒಂದೈದು ನಿಮಿಷ" ಅಂದರು ಶಂಭುಲಿಂಗಯ್ಯ. ಸಬ್ ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡೇ ತಲೆ ಆಡಿಸಿದರು.

"ಗೌಡ್ರೇ, ಬಲೆ ಹರಿದ ಮೇಲೆ ಕೊಕ್ಕರೆ ಬಂದ್ವಾ?"

"ಬರ್ದೆ ಬುಟ್ಟಾವಾ!"

"ಮೀನು ಉಳಿಸ್ಕೊಳ್ಳೋಕೆ ಏನು ಮಾಡಿದ್ರಿ?"

ಹುಚ್ಚಣ್ಣ ಹೊಂಡದ ಕಡೆ ನೋಡಿದ. ಶಂಭುಲಿಂಗಯ್ಯ ಕಾಯಲಿಲ್ಲ.

"ಗಾಡಿ ತುಂಬ ಹಸಿ ಮಟ್ಟೆ ತಂದು ಕಲ್ಲು ಹೇರಿ ಹೊಂಡದಲ್ಲಿ ಮುಳುಗಿಸಿದ್ರಿ. ಕೊಕ್ಕರೆ ಬಂದ್ರೆ ಮೀನು ಸಂದಿಗೆ ನುಗ್ಗಿ ಅಡಗಲಿ ಅಂತ. ಒಳ್ಳೇ ಯೋಚನೇನೇ. ಆದರೆ ಮಟ್ಟೆ ಕೊಳೀತು. ಪಂಪ್ ಕೆಟ್ಟಿತ್ತು, ಹೊಸ ನೀರಿಲ್ಲ. ಮೀನು ಉಸಿರುಕಟ್ಟಿ ಸತ್ವು. ನಿನ್ನೆ ಸಂಜೆ ಪಾಷಾ ಹೇಳಿದ್ದೂ ಇದನ್ನೇ. ಈ ಗುಡ್ಡೆ ತಿಂದ ಕೊಕ್ಕರೆ ಒಂದಾದ್ರೂ ಸತ್ತಿದೆಯಾ ನೋಡ್ರೀ ಸಾರ್. ವಿಷ ಎಲ್ಲಿಂದ ಬಂತು? ನಸುಕಿನಲ್ಲಿ ಇವರು ಸತ್ತ ಮೀನು ಕಂಡ್ರು, ಮಟ್ಟೆ ಎಳೆದು ಒಣರಾಶಿ ಅಡೀಲಿ ಮುಚ್ಚಿದ್ರು. ಹೆಂಡತಿ ಗೊತ್ತಿಲ್ಲದೆ ರಾಶಿ ಅಡಿಯಿಂದ ಅದನ್ನೇ ಎಳೆದು ತಂದು ಒಲೆಗಿಟ್ಟಳು."

"ಸರಿ, ಬಾಟ್ಲಿ?" ಅಂದರು ಸಬ್ ಇನ್ಸ್‌ಪೆಕ್ಟರ್.

"ಗುಡಿಸಲು ನೋಡಿ ಅಂತ ಯಾರು ಬೇಕಾದ್ರೂ ಅಂತಾರೆ ಸಾರ್. ಸೂರು ನೋಡಿ ಅಂದದ್ದು ಇವರು. ಇಟ್ಟವನಿಗೆ ತಾನೇ ಜಾಗ ಗೊತ್ತಿರೋದು?"

ಜನ ಗುಜುಗುಜು ಅಂದರು. ಹುಚ್ಚಣ್ಣ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಬರೋ ಸೋಮವಾರ ತಿಪಟೂರಿಂದ ಬಸ್ಸು ತುಂಬ ರೈತರು ನನ್ನ ಹೊಂಡ ನೋಡಕ್ಕೆ ಬರ್ತಿದ್ರು ಸಾರ್" ಅಂದ ಅವನು. ದನಿ ಒಡೆದಿತ್ತು. "ಮೀನು ಸಾಕೋದು ಹೆಂಗೆ ಅಂತ ನಾನೇ ಅವರಿಗೆ ಹೇಳ್ಬೇಕಿತ್ತು. ತೆಂಗಿನ ತೋಟದಾಗೆ ಹುಟ್ಟಿ ಮಟ್ಟೆ ನೀರಿಗೆ ಮೀನು ಸಾಯ್ತದೆ ಅಂತ ಗೊತ್ತಾಗ್ಲಿಲ್ವಲ್ಲ ಅಂತ ಊರೆಲ್ಲ ನಗ್ತಿತ್ತು. ಅವನು ಬಲೆ ಕೊಯ್ದಿದ್ದಕ್ಕೆ ತಾನೇ ನಾನು ಮಟ್ಟೆ ಹಾಕಿದ್ದು? ತಪ್ಪು ಅವನದೂ ಐತೆ ಅನ್ನಿಸ್ತು."

ಸಬ್ ಇನ್ಸ್‌ಪೆಕ್ಟರ್ ಬೇಡಿ ಬಿಚ್ಚಲು ಸನ್ನೆ ಮಾಡಿದರು. ಸುಳ್ಳು ಸಾಕ್ಷಿ ಹುಟ್ಟಿಸಿದ್ದಕ್ಕೆ ಹುಚ್ಚಣ್ಣನ ಮೇಲೆ ಕೇಸು ಬರೆಯಿರಿ ಅಂದರು. ನಿಂಗಮ್ಮ ಓಡಿಬಂದು ಗಂಡನ ತೋಳು ಹಿಡಿದು ಜೋರಾಗಿ ಅತ್ತಳು. ಶಂಭುಲಿಂಗಯ್ಯ ಹತ್ತಿರ ಬಂದರು.

"ಮಾಯಣ್ಣ, ನೀನೇನಾದ್ರೂ ಹೇಳೋದಿದೆಯೇನಪ್ಪ?"

ಮಾಯಣ್ಣ ಮಣಿಕಟ್ಟು ಉಜ್ಜಿಕೊಂಡ. "ಗೌಡ್ರು ಈಗ ಹೇಳಿದ್ದು ನಿಮಗೆ ಬುದ್ಧಿ. ಬೇಲಿ ಆಚೆ ಇರೋರ ಕಡೆ ತಿರುಗಿ ಹೇಳ್ಲಿ. ಹೊತ್ತಾರೆ ನಾನೇ ವಿಷ ಹಾಕ್ದೆ ಅಂತ ನಂಬ್ದೋರು ಆ ಜನಾನೇ."

ಹುಚ್ಚಣ್ಣ ತಿರುಗಿದ. ಬೇಲಿಯ ತನಕ ನಡೆದ. 

"ಮೀನು ಸಾಯ್ಸಿದ್ದು ನಾನೇ ಕಣ್ರಪ್ಪ."

ಯಾರೂ ನಗಲಿಲ್ಲ.

"ಮೀನು ನಿಮ್ದು ಗೌಡ್ರೇ, ಹೋಯ್ತು" ಅಂದ ಮಾಯಣ್ಣ. "ನನ್ನ ಮನೆ ಸೂರಿಗೆ ಕೈ ಹಾಕಿ ಬಾಟ್ಲಿ ಇಟ್ಟಿದ್ದು ಹೇಳಿ."