ನೀರ್ಗಡ್ಡೆ ಕುಡಿದದ್ದು

ಆ ಮಧ್ಯಾಹ್ನ ಧಾರವಾಡದ ನವಿಲುಗುಡ್ಡ ಬಡಾವಣೆಯ ಮೇಲೆ ಮಳೆ ಬಿತ್ತು ಅನ್ನುವುದಕ್ಕಿಂತ ಆಕಾಶ ಬುಡಮೇಲಾಯಿತು ಅನ್ನಬೇಕು. ಚಳಿಗಾಲ ಮುಗಿದಾಗಿನಿಂದ ಒಂದು ಹನಿ ಕಾಣದೆ ಬಿರುಕು ಬಿಟ್ಟಿದ್ದ ನೆಲ ಒಂದೇ ತಾಸಿನಲ್ಲಿ ಇಡೀ ತಿಂಗಳ ಮಳೆಯನ್ನು ಕಂಡಿತು. ಆ ಕಾಲಕ್ಕೆ ಮಳೆಯ ರೀತಿಯೇ ಹಾಗಾಗಿತ್ತು. ಬಾರದಿದ್ದರೆ ಬಾರದು; ಬಂದರೆ ಮನೆಗೆ ನುಗ್ಗುವ ಹಾಗೆ ಬರುತ್ತಿತ್ತು.

ನೀಲಗಂಗಾ ಬೆಲ್ಲದ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ತೋಟವನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತಳಾದವಳು. ಈಗ ಬಡಾವಣೆಯ ಕೈತೋಟದವರ ಸಂಘಕ್ಕೆ ಅಧ್ಯಕ್ಷೆ. ಗುಲಾಬಿ ಮಡಿಗಳಲ್ಲಿ ಮೊದಲು ನೀರು ನಿಂತಿತು. ಆಮೇಲೆ ನೆಲದೊಳಗಿನಿಂದ ಗುಳುಗುಳು ಸದ್ದು ಬಂತು. ನಿಂತ ನೀರು ಸುಳಿ ತಿರುಗಿ ಒಳಗಿಳಿಯಿತು. ಗಿಡಗಳ ಬುಡದ ಮಣ್ಣು ಹುಳಿ ಬಂದ ಹಿಟ್ಟಿನ ಹಾಗೆ ನಿಧಾನವಾಗಿ ಉಬ್ಬಿ ಒಂದು ಗೇಣು ಮೇಲೆದ್ದಿತು. ಮಳೆ ನಿಂತಾಗ ಅಂಗಳದಲ್ಲಿ ಕೆಸರೇ ಇರಲಿಲ್ಲ.

ಅದು ನೀರ್ಗಡ್ಡೆಯ ಕೆಲಸ. ಸೂಕ್ಷ್ಮಜೀವಿ ವಿಜ್ಞಾನಿ ಅಫ್ರೋಜ್ ನದಾಫ್ ಹತ್ತಾರು ವರ್ಷ ಬೆವರು ಸುರಿಸಿ ಬೆಳೆಸಿದ ಜೀವಿ. ಅರ್ಧ ಶಿಲೀಂಧ್ರ, ಅಂದರೆ ಅಣಬೆಯ ಜಾತಿಯದು. ಇನ್ನರ್ಧ ಸಮುದ್ರದ ಪಾಚಿಯಿಂದ ಪಡೆದ ಅಂಟು. ಒಣಗಿದಾಗ ಬದನೆಕಾಯಿಯಷ್ಟಿರುವ ಇದನ್ನು ಮಡಿಯ ಕೆಳಗೆ ಹೂತರೆ ಮಳೆಗೆ ಬಾಯ್ತೆರೆದು ಕುಡಿದು ಕುಂಬಳಕಾಯಿಗಿಂತ ದಪ್ಪವಾಗುತ್ತದೆ. ಬೇಸಿಗೆಯಲ್ಲಿ ಬೇರುಗಳು ಬಾಯಾರಿದಾಗ ಮಣ್ಣಿಗೆ ಒಂದು ಬಗೆಯ ರಸ ಬಿಡುತ್ತವೆ. ಆ ರಸ ತಾಗಿದ ಕೂಡಲೇ ಗಡ್ಡೆಯ ತೊಗಲು ಬೆವರಿದ ಹಾಗೆ ನೀರು ಬಿಡುತ್ತದೆ. ನಲ್ಲಿ ಬೇಡ, ಟ್ಯಾಂಕರ್ ಬೇಡ. ಸಂಘದವರು ಬಡಾವಣೆಯ ಪ್ರತಿ ತೋಟದಲ್ಲೂ ಅದನ್ನು ಹೂತಿದ್ದರು.

ಆ ಮಳೆಯ ನಂತರದ ಎರಡು ಬೇಸಿಗೆಗಳಲ್ಲಿ ಊರಿಗೆ ಊರೇ ಕಂದುಬಣ್ಣಕ್ಕೆ ತಿರುಗಿದಾಗ ನವಿಲುಗುಡ್ಡ ಮಾತ್ರ ಹಸಿರಾಗಿತ್ತು. ಜನ ದೂರದಿಂದ ನೋಡಲು ಬಂದರು. ಸೇವಂತಿಗೆಯ ಎದುರು ನಿಂತು ಫೋಟೋ ಹೊಡೆಸಿಕೊಂಡರು. ನದಾಫರಿಗೆ ಶಾಲು ಹೊದಿಸಿದ್ದೂ ಆಯಿತು.

ಮೂರನೆಯ ಬೇಸಿಗೆಯಲ್ಲಿ ನೀಲಗಂಗಾ ಹೊಸ ದಾಸವಾಳಕ್ಕೆ ಗುಂಡಿ ತೋಡುವಾಗ ಸಲಿಕೆ ಏನೋ ಮೆತ್ತನೆಯದಕ್ಕೆ ತಾಗಿತು. ಗಡ್ಡೆಯಿರಬೇಕೆಂದು ಕೈ ಹಿಂದೆಳೆಯುವಷ್ಟರಲ್ಲಿ ಅದು ಒಡೆಯಿತು.

ಮೊದಲು ಬಂದದ್ದು ವಾಸನೆ. ಸತ್ತ ಹೆಗ್ಗಣ, ಕೊಳೆತ ಮೊಟ್ಟೆ, ಆಸ್ಪತ್ರೆಯ ಕಕ್ಕಸು ಎಲ್ಲ ಒಂದೇ ಉಸಿರಿನಲ್ಲಿ ಮೂಗಿಗೆ ಹೊಡೆದ ಹಾಗಾಯಿತು. ಆಮೇಲೆ ಕಪ್ಪು ಲೋಳೆ ಉಕ್ಕಿ ಅವಳ ಮೊಣಕೈವರೆಗೂ ಹತ್ತಿತು. ಅದರೊಳಗೆ ಹೆಣೆದುಕೊಂಡ ಕೂದಲು, ಹೆಪ್ಪುಗಟ್ಟಿದ ಎಣ್ಣೆ, ಚಿಕ್ಕ ಮಕ್ಕಳ ಡೈಪರಿನ ಹರಿದ ಪ್ಲಾಸ್ಟಿಕ್, ಕರಗದ ಗುಳಿಗೆಗಳ ಗುಲಾಬಿ ಬಣ್ಣ. ಇನ್ನೂ ಒಂದು ಇತ್ತು. ಅದೇನೆಂದು ಮೂಗಿಗೆ ಗೊತ್ತಾಗಿತ್ತು, ಬಾಯಲ್ಲಿ ಹೇಳಲು ಮನಸ್ಸಾಗಲಿಲ್ಲ. ಗೋಡೆ ಹಿಡಿದು ನಿಂತು ಮುಂಜಾನೆ ತಿಂದ ಉಪ್ಪಿಟ್ಟನ್ನೆಲ್ಲ ಕಾರಿಕೊಂಡಳು. ಕೈಯನ್ನು ಸೋಪು ಹಾಕಿ, ಸುಣ್ಣ ಹಾಕಿ, ನಿಂಬೆಹುಳಿ ಹಾಕಿ ತಿಕ್ಕಿದರೂ ವಾಸನೆ ಉಗುರಿನ ಸಂದಿಯಲ್ಲಿ ಕೂತೇ ಇತ್ತು. ಊಟಕ್ಕೆ ಕೂತು ತುತ್ತನ್ನು ಬಾಯಿಯ ಹತ್ತಿರ ತಂದು ಹಾಗೇ ಎದ್ದಳು.

ಆ ವಾರದಲ್ಲಿ ಇನ್ನೂ ಕೆಲವು ತೋಟಗಳಲ್ಲಿ ಗಡ್ಡೆಗಳು ತಾವಾಗಿ ಒಸರತೊಡಗಿದವು. ನದಾಫ್ ಬಂದು ಲೋಳೆಯ ಮಾದರಿ ಒಯ್ದರು. ಮುಂದಿನ ಭಾನುವಾರ ಸಂಘದ ಸಭೆ ಕರೆಯಲಾಯಿತು. ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದರು.

"ಡಾಕ್ಟರ್ ಸಾಹೇಬ್ರ, ನಮ್ಮ ಗುಲಾಬಿಗೆ ಏನ್ ಕುಡಿಸೀರಿ ನೀವು?" ಎಂದು ಎದ್ದವರು ಸಂಘದ ಕಾರ್ಯದರ್ಶಿ ಪ್ರಲ್ಹಾದ ಕಟ್ಟಿ. ನಿವೃತ್ತ ವಕೀಲರು.

"ಗುಲಾಬಿ ಕುಡದಿದ್ದು ಸ್ವಚ್ಛ ನೀರು ರೀ," ಅಂದರು ನದಾಫ್. "ಗಡ್ಡಿಯ ತೊಗಲಿಗೆ ಎರಡು ಗುಣ ಅದಾವು. ಕುಡಿಯೂವಾಗ ದೊಡ್ಡ ಬಾಯಿ, ಬಿಡೂವಾಗ ಸಣ್ಣ ಬಾಯಿ. ನೀರಷ್ಟ ಹೊರಗ ಬರತೈತಿ. ಉಳದಿದ್ದೆಲ್ಲ ಒಳಗ ಕೂಡತೈತಿ. ಮಳಿನೀರಿನ ಧೂಳು ಕೂಡಬೇಕಂದ್ರ ಐವತ್ತು ವರ್ಷ ಬೇಕು ಅಂತ ನಾನು ಲೆಕ್ಕ ಹಾಕಿದ್ದೆ. ನಿಮ್ಮಲ್ಲಿ ಮೂರ ವರ್ಷಕ್ಕ ಹೊಟ್ಟಿ ತುಂಬೇತಿ."

"ಯಾರದೋ ಹೊಲಸು ಹರಕೊಂಡು ನಮ್ಮಲ್ಲಿ ಬಂದದ," ಅಂದರು ಕಟ್ಟಿ.

ನದಾಫ್ ಮೂಗಿನ ಬಟ್ಟೆ ಕೆಳಗೆಳೆದರು. "ಬ್ಯಾರೆ ಯಾರದೂ ಅಲ್ಲ. ನೀವು ಗುಡ್ಡದ ಮ್ಯಾಲಿದ್ದೀರಿ, ನಿಮ್ಮ ಮ್ಯಾಲೆ ಯಾರೂ ಇಲ್ಲ. ಒಳಚರಂಡಿ ತುಂಬಿ ಬಂದ್ ಆದಾಗ ನೀವೆಲ್ಲಾ ಸಂಡಾಸದ ಪೈಪು ತಗೊಂಡು ಮಳಿನೀರಿನ ಗಟಾರಕ್ಕ ಜೋಡಿಸೀರಿ. ನಾನು ನಿನ್ನೆ ಅಡ್ಡ್ಯಾಡಿ ನೋಡೇನಿ. ದಿನದ ಹೊಲಸು ಗಟಾರದಾಗ ಕೂತಿರತೈತಿ, ಜೋರ ಮಳಿ ಬಂದಾಗ ಗಟಾರ ಉಕ್ಕಿ ತೋಟಕ್ಕ ಬರತೈತಿ. ಗಡ್ಡಿ ಕುಡೀತೈತಿ."

ಸಭೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೀಲಗಂಗಾಗೆ ತನ್ನ ಮನೆಯ ಹಿಂದಿನ ಪೈಪು ನೆನಪಾಯಿತು. ಗಂಡ ಬದುಕಿದ್ದಾಗ ಒಂದು ರಜೆಯ ದಿನ ಜೋಡಿಸಿದ್ದು. ಎಲ್ಲರೂ ಮಾಡಿದ್ದಾರೆ, ನಾವೂ ಮಾಡೋಣ ಅಂದಿದ್ದರು.

"ಹಂಗಾರ ಗಡ್ಡಿ ಹಾಕೂಕಿಂತ ಮೊದಲು ಇದೆಲ್ಲಾ ಎಲ್ಲಿಗೆ ಹೋಗತಿತ್ತು?" ಎಂದು ಅವಳೇ ಕೇಳಿದಳು.

"ಕೆಳಗ, ಹಳ್ಳಕ್ಕ," ಅಂದರು ನದಾಫ್.

ಅವರು ಹೇಳಿದ ದಾರಿ ಸುಲಭದ್ದಾಗಿರಲಿಲ್ಲ. ತುಂಬಿದ ಗಡ್ಡೆಗಳನ್ನು ಒಡೆಯದೆ ತೆಗೆದು ಬಡಾವಣೆಯ ಮೈದಾನದಲ್ಲೇ ಗುಂಡಿ ತೋಡಿ ಒಂದು ವರ್ಷ ಕೊಳೆಯಲು ಬಿಡಬೇಕು. ಪ್ರತಿ ಮನೆಯೂ ಪೈಪು ಬೇರೆ ಮಾಡಿಕೊಳ್ಳಬೇಕು. ಒಂದು ವರ್ಷ ವಾಸನೆಯಾ, ಮಕ್ಕಳು ಆಡುವ ಜಾಗದಲ್ಲಾ ಎಂದು ಗದ್ದಲವೆದ್ದಿತು. ಕೊನೆಗೆ ಕಟ್ಟಿಯವರು ಸಮಾಧಾನದ ದನಿಯಲ್ಲಿ ಹೇಳಿದರು: "ಇಷ್ಟ್ಯಾಕ ತಲಿಕೆಡಿಸ್ಕೋಬೇಕು? ಮಣ್ಣು ಅಗಿಯೋ ಯಂತ್ರ ತರಸೋಣ. ಗಡ್ಡಿ ಸೀಳಿ ಗಟಾರಕ್ಕ ಬಿಡೋಣ. ಹಳ್ಳಕ್ಕ ಹೋಗ್ತದ, ಮುಂದಿನ ಮಳಿ ತೊಳಕೊಂಡು ಹೋಗ್ತದ. ಮೊದಲೂ ಹಂಗ ನಡೀತಿತ್ತಲ್ಲ."

ಕೈಗಳು ಎದ್ದವು. ನೀಲಗಂಗಾಳ ಕೈ ಏಳಲಿಲ್ಲ. ಬೇಡ ಅನ್ನುವ ಮಾತೂ ಅವಳ ಬಾಯಿಂದ ಬರಲಿಲ್ಲ.

ಮಾರನೆಯ ದಿನ ಅವಳು ಗಟಾರದ ಜಾಡು ಹಿಡಿದು ಕೆಳಗೆ ಹೋದಳು. ಅದು ಹಳ್ಳ ಸೇರಿ, ಹಳ್ಳ ಹಿರೇಹೊಂಡವೆಂಬ ಊರನ್ನು ಬಳಸಿಕೊಂಡು ಹೋಗುತ್ತದೆ. ಇಷ್ಟು ವರ್ಷ ಗುಡ್ಡದ ಮೇಲಿದ್ದೂ ಅವಳು ಆ ಊರಿಗೆ ಕಾಲಿಟ್ಟಿರಲಿಲ್ಲ. ಹಳ್ಳದ ದಂಡೆಯಲ್ಲಿ ಒಬ್ಬ ಹೆಂಗಸು ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತಿದ್ದಳು. ಹೆಸರು ಫಕೀರವ್ವ. ನೀಲಗಂಗಾಗಿಂತ ಹತ್ತು ವರ್ಷ ಹಿರಿಯಳಿರಬೇಕು.

"ಗುಡ್ಡದ ಮ್ಯಾಲಿನವರೇನ್ರಿ? ಬರ್ರಿ, ನೆರಳಿಗೆ ಬರ್ರಿ," ಎಂದು ಅವಳು ತಾನೇ ಕರೆದಳು. "ನೀವು ಮ್ಯಾಲೆ ಏನ್ ಮಾಡೀರೋ ಗೊತ್ತಿಲ್ಲ, ನಮಗಂತೂ ಭಾಳ ಉಪಕಾರ ಆತು."

"ಏನಾತು, ಯವ್ವಾ?"

"ಮೊದಲೆಲ್ಲ ದೊಡ್ಡ ಮಳಿ ಆದಕೂಡ್ಲೆ ಈ ಹಳ್ಳಕ್ಕ ಕಾಲಿಡಾಕ ಬರ್ತಿರಲಿಲ್ರಿ. ಕರ್ರಗ, ನೊರಿ ನೊರಿ. ಇಳದ್ರ ಕಾಲ ತುಂಬ ಹುಣ್ಣು. ನನ್ನ ಮೊಮ್ಮಗಳು ಕಾಮಣಿಯಾಗಿ, ಮೈಯೆಲ್ಲ ಹಳದಿ ತಿರುಗಿ, ಸಾಯೋದೊಂದು ಉಳದಿತ್ತು. ಈಗ ಮೂರು ಮಳಿಗಾಲ ಆತು, ನೀರು ತಿಳಿ. ನೋಡ್ರಿ, ಮೀನ ಬಂದಾವು."

ನೀಲಗಂಗಾ ಬಗ್ಗಿ ನೋಡಿದಳು. ಬೆರಳಿನಷ್ಟು ಉದ್ದದ ಮೀನುಗಳು ಕಲ್ಲಿನ ಸಂದಿಯಲ್ಲಿ ಮಿಂಚಿ ಮಾಯವಾದವು.

"ಆಗಲೂ ಕಾಯಿಪಲ್ಲೆ ಬೆಳೀತಿದ್ರೇನು? ಆ ನೀರಾಗ?"

"ಮತ್ತೇನ್ ಮಾಡೂದ್ರಿ? ಬ್ಯಾಸಗಿಯಾಗ ಬ್ಯಾರೆ ನೀರೆಲ್ಲಿ ಐತಿ? ಅದ ನೀರು ಬಿಡತಿದ್ವಿ, ಅದರಾಗ ತೊಳದು ಸಿವುಡು ಕಟ್ಟತಿದ್ವಿ. ನಿಮ್ಮ ಗುಡ್ಡಕ್ಕೂ ತರತಿದ್ದೆ ನಾನು, ಬುಟ್ಟಿ ಹೊತ್ಕೊಂಡು. ಮೆಂತ್ಯ, ಕೊತ್ತಂಬ್ರಿ, ಮೂಲಂಗಿ. ನಿಮ್ಮ ಮಂದಿಗೆ ಹಸೀದು ತಿನ್ನಾಕ ಭಾಳ ಸೇರತೈತಿ."

ನೀಲಗಂಗಾಳ ಕಣ್ಣಿಗೆ ತನ್ನ ಮನೆಯ ತಟ್ಟೆ ಬಂತು. ಬಿಸಿ ರೊಟ್ಟಿ, ಹಿಂಡಿಪಲ್ಲೆ, ಪಕ್ಕದಲ್ಲಿ ಹಸಿ ಮೆಂತ್ಯ, ಮೂಲಂಗಿ. ಎಷ್ಟು ವರ್ಷ ತಿಂದಿದ್ದಾಳೆ! ಗುಡ್ಡದಿಂದ ಇಳಿದದ್ದು ಬುಟ್ಟಿಯಲ್ಲಿ ಕೂತು ಗುಡ್ಡ ಹತ್ತಿ ಬರುತ್ತಿತ್ತು. ಅವಳು ಅದನ್ನು ಬೆರಳು ನೆಕ್ಕಿಕೊಂಡು ತಿಂದು, ತಾಜಾ ಐತಿ ಅಂದಿದ್ದಳು. ಫಕೀರವ್ವ ಎರಡು ಸಿವುಡು ಮೆಂತ್ಯ ಕಿತ್ತು ಅವಳ ಕೈಯಲ್ಲಿಟ್ಟಳು. "ಇದ ಒಯ್ರಿ. ಈಗಿಂದು ಚೊಲೋ ನೀರಿಂದ ಐತಿ." ಬೇಡ ಅನ್ನಲೂ ಆಗದೆ, ಇಸಿದುಕೊಳ್ಳಲೂ ಮನಸ್ಸಾಗದೆ ನೀಲಗಂಗಾ ಅದನ್ನು ಹಿಡಿದುಕೊಂಡು ಗುಡ್ಡ ಹತ್ತಿದಳು. ಈ ಸಲ ಅವಳಿಗೆ ಹೇಸಿಗೆಯಾದದ್ದು ಲೋಳೆಯ ಮೇಲಲ್ಲ.

ಬಡಾವಣೆಯ ತುದಿಗೆ ಬರುವಾಗಲೇ ಯಂತ್ರದ ಸದ್ದು ಕೇಳಿಸಿತು. ಕಟ್ಟಿಯವರು ಒಂದು ದಿನವೂ ತಡೆದಿರಲಿಲ್ಲ. ಯಂತ್ರದ ಉಗುರು ಒಂದೊಂದೇ ತೋಟಕ್ಕೆ ನುಗ್ಗಿ ಗಡ್ಡೆಗಳನ್ನು ಎತ್ತಿ ಸೀಳಿ ಗಟಾರಕ್ಕೆ ಕೊಡವುತ್ತಿತ್ತು. ಕರಿಲೋಳೆ ಗಟಾರ ತುಂಬಿ ದಪ್ಪನೆಯ ಹಾವಿನ ಹಾಗೆ ಕೆಳಗೆ ಸರಿಯುತ್ತಿತ್ತು. ಜನ ಮಾಳಿಗೆಯ ಮೇಲೆ ನಿಂತು ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ಒಬ್ಬಿಬ್ಬರು ನಗುತ್ತಲೂ ಇದ್ದರು.

ಬಡಾವಣೆಯಿಂದ ಗಟಾರ ಹೊರಬೀಳುವಲ್ಲಿ, ಹೂಳು ತೆಗೆಯುವಾಗ ನೀರು ತಡೆಯಲೆಂದು ಹಾಕಿದ್ದ ಕಬ್ಬಿಣದ ಹಲಗೆಯೊಂದಿತ್ತು. ನೀಲಗಂಗಾ ಮೆಂತ್ಯವನ್ನು ಸೆರಗಿಗೆ ಕಟ್ಟಿಕೊಂಡು ಅದರ ಚಕ್ರ ತಿರುವಿದಳು. ತುಕ್ಕು ಹಿಡಿದಿತ್ತು, ಜೋತುಬಿದ್ದು ತಿರುವಿದಳು. ಹಲಗೆ ಕಿರುಗುಟ್ಟಿ ಕೆಳಗಿಳಿಯಿತು. ಅಷ್ಟರಲ್ಲಿ ಒಂದು ಪಾಲು ಆಗಲೇ ಹಳ್ಳದ ಕಡೆ ಹೋಗಿಯಾಗಿತ್ತು. ಉಳಿದದ್ದು ಹಲಗೆಗೆ ಹೊಡೆದು ನಿಂತು ಮೇಲೇರತೊಡಗಿತು. ಗಟಾರ ತುಂಬಿತು. ರಸ್ತೆಗೆ ಬಂತು. ಅಲ್ಲಿಂದ ತುದಿಮನೆಯ ಕಟ್ಟಿಯವರ ರಂಗೋಲಿಯ ಮೇಲೆ ಹರಡಿ ಮೆಟ್ಟಿಲನ್ನು ನೆಕ್ಕಿತು.

"ಟೀಚರ್ರ, ಹುಚ್ಚ ಹಿಡದದೇನು ನಿಮಗ? ಮನಿಯೊಳಗ ಬರ್ಲಿಕ್ಕೆ ಹತ್ತೇದ!" ಎಂದು ಕಟ್ಟಿ ಕೂಗಿದರು.

"ನಿಮ್ಮ ಮನೀದ ಐತಿ, ಬರ್ಲಿ ಬಿಡ್ರಿ," ಎಂದಳು ನೀಲಗಂಗಾ. ಚಕ್ರ ಹಿಡಿದು ಅಲ್ಲೇ ಕೂತಳು. "ಯಂತ್ರ ನಿಲ್ಲಸ್ರಿ. ನಿಲ್ಲಸೂತನಕ ನಾ ಇಲ್ಲಿಂದ ಏಳೂದಿಲ್ಲ."

ಬೈಗುಳ ಬಂತು. ಯಾರೋ ಅವಳ ರಟ್ಟೆ ಹಿಡಿದೆಳೆಯಲು ಬಂದು, ಕಾಲು ಲೋಳೆಗೆ ಬಿದ್ದು, ಹಿಂದೆ ಸರಿದರು. ವಾಸನೆಯೇ ಅವಳಿಗೆ ಕಾವಲಾಯಿತು. ಕಡೆಗೆ ಯಂತ್ರ ನಿಂತಿತು. ಯಾರನ್ನಾದರೂ ಕರೆಸಿ ಬಳಿಸೋಣ ಅಂದರು ಕಟ್ಟಿ.

"ವಕೀಲರಿದ್ದವರು ಹಿಂಗಂತೀರಲ್ಲ. ಇದರಾಗ ಬ್ಯಾರೆ ಮನಿಷಾರನ್ನ ಇಳಸೂದು ಅಪರಾಧ ಐತಿ. ನಾವ ಇಳಿಯೋಣ," ಎಂದಳು ನೀಲಗಂಗಾ.

ಗೋಣಿಚೀಲ, ಬಕೆಟ್ಟು, ಮಕ್ಕಳ ಟಬ್ಬು, ಕೈಗೆ ಸಿಕ್ಕಿದ್ದು ಹಿಡಿದು ಅವರೇ ಬಳಿದು, ಯಂತ್ರದಿಂದ ಮೈದಾನದಲ್ಲಿ ತೋಡಿಸಿದ ಗುಂಡಿಗೆ ಸುರಿದರು; ಒಡೆಯದೆ ಉಳಿದ ಗಡ್ಡೆಗಳನ್ನೂ ಕಿತ್ತು ಅಲ್ಲಿಗೇ ಹಾಕಿದರು. ಸುದ್ದಿ ಕೇಳಿ ಬಂದ ನದಾಫ್ ಮೊಣಕಾಲವರೆಗೂ ಇಳಿದು ನಿಂತರು. ಕಾರಿಕೊಂಡವರು, ಅತ್ತವರು, ಮಧ್ಯದಲ್ಲೇ ಬಾಗಿಲು ಹಾಕಿಕೊಂಡವರು ಎಲ್ಲರೂ ಇದ್ದರು. ಮೈದಾನದ ಗುಂಡಿ ಮುಚ್ಚುವ ಹೊತ್ತಿಗೆ ಇಡೀ ಬಡಾವಣೆಯಲ್ಲಿ ಒಂದು ಹೂವೂ ಉಳಿದಿರಲಿಲ್ಲ.

ಕೈ ತೊಳೆಯುತ್ತ ನದಾಫ್ ಹೇಳಿದರು: "ಗಡ್ಡಿ ಮಾರೂ ಕಂಪನಿಯವರು ನಿನ್ನೆ ಫೋನ್ ಮಾಡಿದ್ರು. ಗಡ್ಡಿಗೆ ಮಲ್ಲಿಗಿ ವಾಸನಿ ಬರೂಹಂಗ ಮಾಡ್ರಿ, ಒಳಗ ಏನೈತಿ ಅನ್ನೂದು ಗೊತ್ತಾಗಬಾರದು ಅಂತಾರ. ಮಾಡಬಹುದು. ಎರಡು ತಿಂಗಳ ಕೆಲಸ." ಅವರು ಉಗುಳಿದರು. "ಪೈಪು ಬ್ಯಾರೆ ಮಾಡಾಕ ಯಾವ ಸಂಶೋಧನಾನೂ ಬೇಕಿರಲಿಲ್ಲ ರೀ. ನಮ್ಮ ಅಪ್ಪನ ಕಾಲದಾಗ, ಈ ಶತಮಾನ ಶುರು ಆದಾಗ, ಪೈಪೂ ಇತ್ತು, ಮಾಡಾವ್ರೂ ಇದ್ರು. ಆವಾಗ್ಲೇ ಮಾಡಿದ್ರ ನನ್ನ ಗಡ್ಡಿ ಬರೇ ಮಳಿನೀರು ಕುಡೀತಿತ್ತು."

ನೀಲಗಂಗಾ ಮನೆಯ ಹಿಂದಿನ ಪೈಪನ್ನು ಅದೇ ವಾರ ಬೇರೆ ಮಾಡಿಸಿದಳು. ಆಮೇಲೆ ಹಿರೇಹೊಂಡಕ್ಕೆ ಇಳಿದು ಹೋದಳು. ಹಳ್ಳದ ದಂಡೆಗೆ ಕರಿ ಗೆರೆ ಎದ್ದಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಫಕೀರವ್ವ ಮಡಿಯ ಮೆಂತ್ಯವನ್ನೆಲ್ಲ ಕಿತ್ತು ಒಟ್ಟಿದ್ದಳು. ನೀಲಗಂಗಾ ನಿಂತಲ್ಲೇ ಎಲ್ಲ ಹೇಳಿದಳು: ಗಡ್ಡೆ, ಪೈಪು, ಸಭೆ, ಯಂತ್ರ. ಇದಕ್ಕೂ ಮೊದಲು ಅಷ್ಟೆಲ್ಲ ವರ್ಷ ಹರಿದು ಬಂದದ್ದೇನು ಅನ್ನುವುದನ್ನೂ ಹೇಳಿದಳು.

ಫಕೀರವ್ವ ಕೇಳುತ್ತ ಕೇಳುತ್ತ ಒಂದು ಹೆಜ್ಜೆ ಹಿಂದೆ ಸರಿದಳು. ನೆರಳಿಗೆ ಬರ್ರಿ ಅನ್ನಲಿಲ್ಲ.

"ಮತ್ತ ಮಳಿ ಬರೂದ್ರೊಳಗ ಪೈಪು ಬ್ಯಾರೆ ಮಾಡ್ತೀರೇನು?" ಎಂದಳು ಕೊನೆಗೆ.

"ಮಾಡ್ತೀವಿ ಅಂದಾರ."

"ಅಂದಿದ್ದು ಬ್ಯಾಡ್ರಿ. ಎಷ್ಟು ಮನೀದು ಆಗೇತಿ?"

"ನನ್ನ ಮನೀದು ಆಗೇತಿ, ಯವ್ವಾ."

ಫಕೀರವ್ವ ತಲೆಯೆತ್ತಿ ಗುಡ್ಡ ನೋಡಿದಳು. ಅಲ್ಲಿ ಮನೆಗಳು ಒತ್ತೊತ್ತಾಗಿ, ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಅವುಗಳ ಹಿಂದೆ, ದಿಗಂತದಲ್ಲಿ, ಮೋಡ ಕಟ್ಟುತ್ತಿತ್ತು.

"ಒಂದು," ಅಂದಳು ಅವಳು.