ಎರಡೂ ಗಾಲಿ ಬಿಚ್ಚಿದವನು

ಆ ವ್ಯಾನು ಪರಶುವಿನ ಅಂಗಳಕ್ಕೆ ಬಂದು ನಿಂತ ದಿನವೇ ನನಗೆ ಮೈಯೆಲ್ಲ ಉರಿದಿತ್ತು. ವ್ಯಾನು ಪಾಪ, ಏನೂ ಮಾಡಿರಲಿಲ್ಲ. ಅದರಿಂದ ಇಳಿದವಳನ್ನು ನೋಡಿ ಉರಿದಿತ್ತು.

ಅದು ತೊಂಬತ್ತೆಂಟರ ಬೇಸಿಗೆ. ಅವಳ ಹೆಸರು ಸ್ನೇಹಲ್, ಊರು ಕೊಲ್ಲಾಪುರ. ಹಳ್ಳಿ ಹಳ್ಳಿ ಅಲೆದು, ಮುದುಕಿಯರು ಬೀಸುವಾಗ ಹಾಡುವ ಹಾಡುಗಳನ್ನು ಟೇಪ್ ರೆಕಾರ್ಡರಿಗೆ ತುಂಬಿಕೊಳ್ಳುವುದು ಅವಳ ಕೆಲಸವಂತೆ. ಅದಕ್ಕೆಂದೇ ಹಳೆಯ ಮೆಟಡೋರ್ ಒಂದನ್ನು ಕೊಂಡು ಒಳಗೆ ಮಂಚ, ಗ್ಯಾಸ್ ಒಲೆ, ಹೂವಿನ ಪರದೆ ಎಲ್ಲ ಹಾಕಿಸಿಕೊಂಡು ಅದರಲ್ಲೇ ಮಲಗುತ್ತಿದ್ದಳು. ನವಿಲುತೀರ್ಥದ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಕೈಕೊಟ್ಟಿತ್ತು. ಮೊದಲ ಗೇರಿನಲ್ಲೇ ತೆವಳುತ್ತ ನಮ್ಮ ಮುರಗೋಡಕ್ಕೆ ಬಂದವಳಿಗೆ ಯಾರೋ ಗಾಡಿ ರಿಪೇರಿ ಮಾಡುವ ಪರಶುವಿನ ಮನೆ ತೋರಿಸಿದ್ದರು. ತೋರಿಸಿದವರ ನಾಲಿಗೆ ಬಿದ್ದುಹೋಗಲಿ.

ಪರಶುವಿನ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೆ. ನನ್ನ ಅಪ್ಪ ಲಗಮಣ್ಣ ಬೈಲಹೊಂಗಲದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಪರಶುವಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ಕಲಿಸಿದವನೇ ಅವನು. ಪರಶುವಿನ ತಾಯಿ ಕೃಷ್ಣವ್ವ ಅಪ್ಪನಿಗೆ ಅಣ್ಣಾ ಎನ್ನುತ್ತಾಳೆ, ಹಾಗಾಗಿ ಪರಶುವಿಗೆ ಅಪ್ಪ ಮಾಮಾ. ಮಾಮಾನ ಮಗಳು ಮಹಾನಂದಾ, ಅಂದರೆ ನಾನು, ತನಗೇನಾಗಬೇಕು ಎಂಬುದನ್ನು ಮಾತ್ರ ಅವನು ಯಾವತ್ತೂ ಹೇಳಿರಲಿಲ್ಲ. ನೋಡುತ್ತಿದ್ದ. ನಾನು ತಿರುಗಿ ನೋಡಿದರೆ ಕೈಯಲ್ಲಿದ್ದ ಪಾನಾದ ನಂಬರು ಓದುತ್ತಿದ್ದ.

ದೀಪಾವಳಿಯಿಂದೀಚೆಗೆ ಅವ್ವ ನನ್ನನ್ನು ಆ ಅಂಗಳಕ್ಕೆ ಬಿಡುವುದನ್ನೂ ನಿಲ್ಲಿಸಿದ್ದಳು. ರಾಮದುರ್ಗದ ಒಂದು ಮನೆಯವರೊಂದಿಗೆ ಮಾತು ನಡೆದಿತ್ತು. ಬರುವ ರವಿವಾರ ಅವರು ನನ್ನನ್ನು ನೋಡಲು ಬರುವವರಿದ್ದರು. ಅಷ್ಟರೊಳಗೆ ಪರಶು ಬಾಯಿ ಬಿಡದಿದ್ದರೆ ಆ ಹುಡುಗನಿಗೆ ಹೂಂ ಅಂದುಬಿಡುವುದು ಎಂದು ನಾನು ಹಟ ಹಿಡಿದು ನಿಶ್ಚಯ ಮಾಡಿದ್ದೆ. ನಿಶ್ಚಯ ಮಾಡಿ ಮೂಲೆಯಲ್ಲಿ ಕೂತು ಅತ್ತಿದ್ದೂ ಉಂಟು.

ಅಂಥ ವಾರದಲ್ಲಿ ಇವಳು ಬಂದಳು. ಸೋಮವಾರ ಅವನನ್ನು "ಪರಶುರಾಮ ಅವರೇ" ಎಂದಳು. ಮಂಗಳವಾರ "ಪರಶು ಅವರೇ" ಆಯಿತು. ಬುಧವಾರ ಬರೀ "ಪರಶು". ಹೀಗೇ ಹೋದರೆ ಶನಿವಾರದ ಹೊತ್ತಿಗೆ ಏನಾಗುತ್ತದೋ ಎಂದು ಎಣಿಸಿ ನನಗೆ ಅನ್ನ ಸೇರಲಿಲ್ಲ.

ಮಂಗಳವಾರವೇ ಗೋಡೆಯ ಮೇಲಿಂದ ಇಣುಕಿದ್ದೆ. ವ್ಯಾನಿನ ಹಿಂಭಾಗ ಕಲ್ಲುಗಳ ಮೇಲೆ ಕೂತಿತ್ತು. ಹಿಂದಿನ ಎರಡೂ ಗಾಲಿ ಹೊರಗಿದ್ದವು. ಬ್ರೇಕನ್ನು ಮುಚ್ಚುವ ಎರಡೂ ಡ್ರಮ್ಮು ಹೊರಗಿದ್ದವು. ಎರಡೂ ಕಡೆಯ ಬ್ರೇಕ್ ಶೂ, ಸ್ಪ್ರಿಂಗು, ಪಿನ್ನು ಎಲ್ಲ ಸೀಮೆಎಣ್ಣೆ ಹಾಕಿದ ಒಂದೇ ಪರಾತದಲ್ಲಿ ಕಲಸಿ ಬಿದ್ದಿದ್ದವು. ನನಗೆ ನಂಬಲಿಕ್ಕಾಗಲಿಲ್ಲ. ಅಪ್ಪನ ಮೊದಲ ಪಾಠವೇ ಅದು: ಒಂದು ಗಾಲಿ ಬಿಚ್ಚಿದಾಗ ಇನ್ನೊಂದನ್ನು ಮುಟ್ಟಬೇಡ, ಅದೇ ನಿನ್ನ ಪುಸ್ತಕ, ಯಾವ ಸ್ಪ್ರಿಂಗ್ ಎಲ್ಲಿ ಎಂದು ಅದನ್ನು ನೋಡಿಯೇ ಜೋಡಿಸಬೇಕು. ಹತ್ತು ವರ್ಷ ಅಪ್ಪನ ಕೈಕೆಳಗೆ ಪಳಗಿದವನು ಇದನ್ನು ಮರೆಯಬೇಕಾದರೆ ತಲೆ ಎಲ್ಲಿರಬೇಕು?

ಎಲ್ಲಿತ್ತೆಂಬುದು ಕಾಣುತ್ತಲೇ ಇತ್ತು. ಸ್ನೇಹಲ್ ವ್ಯಾನಿನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಅವನಿಗೆ ಚಹಾದ ಲೋಟ ಚಾಚಿದ್ದಳು. ಅವನು ಏನೋ ಹೇಳಿದ. ಇಬ್ಬರೂ ನಕ್ಕರು. ನನ್ನೆದುರು ನಾಲ್ಕು ಮಾತು ಕೂಡಿಸಲಾರದವನಿಗೆ ಅವಳ ಮುಂದೆ ಅಷ್ಟು ಮಾತು ಎಲ್ಲಿಂದ ಬಂತೋ!

ಅವ್ವನ ಕಣ್ಣು ತಪ್ಪಿಸಿ, ಜರಡಿ ಕೇಳುವ ನೆವ ಮಾಡಿಕೊಂಡು ಹೋದೆ.

"ಎರಡೂ ಗಾಲಿ ಒಮ್ಮೆಲೆ ಬಿಚ್ಚೀಯಲ್ಲ?" ಎಂದೆ.

"ಹೂಂ," ಎಂದ ಪರಶು, ಲೋಟದೊಳಗೆ ನೋಡುತ್ತ.

"ಯಾವ ಸ್ಪ್ರಿಂಗು ಯಾವ ಕಡೀದು ಅಂತ ಹೆಂಗ ಗೊತ್ತಾಗತೈತಿ?"

"ನೋಡೂಣು. ಗಡಿಬಿಡಿ ಏನೈತಿ?"

"ಮ್ಯಾಡಮ್ಮರಿಗೆ ಗಡಿಬಿಡಿ ಇಲ್ಲೇನು?"

"ಏನೂ ಇಲ್ಲ," ಎಂದಳು ಸ್ನೇಹಲ್. "ನನಗ ಇಲ್ಲೆ ಭಾಳ ಛಲೋ ಅನಸ್ತದ."

ಅನಿಸದೆ ಏನು! ನಾನು ಜರಡಿಯನ್ನೂ ಮರೆತು ಮನೆಗೆ ಬಂದೆ.

ಬುಧವಾರ ಜರಡಿ ತರಲು ಹೋದೆ. ಗುರುವಾರ ಜರಡಿ ಕೊಡಲು ಹೋದೆ. ಆಮೇಲೆ ಒಂದಿಷ್ಟು ಪುಂಡಿಪಲ್ಯ ಕೊಡಲು ಹೋದೆ. ಅವನು ಸ್ನೇಹಲ್ ಮಾಡಿದ ಸಾಬುದಾಣಿ ಉಸುಳಿಯ ತಟ್ಟೆ ಹಿಡಿದು ಕೂತಿದ್ದ, ನನ್ನ ಪಲ್ಯವನ್ನು ಸಂಜೆಗೆಂದು ಮುಚ್ಚಿಟ್ಟ. ಪರಾತದಲ್ಲಿ ಸ್ಪ್ರಿಂಗುಗಳು ಹಾಗೆಯೇ ಬಿದ್ದಿದ್ದವು. ಶುಕ್ರವಾರ ಅವ್ವ ಕೇಳಿಯೇಬಿಟ್ಟಳು, "ದಿನಾ ಮೂರ ಸರತಿ ಆ ಮನ್ಯಾಗ ನಿಂದೇನ ಕೆಲಸ?" ಮತ್ತೆ ಜರಡಿಯ ನೆವವನ್ನೇ ಹೇಳಿದೆ. ಹೊಟ್ಟೆಕಿಚ್ಚಿಗೆ ಹೋಗುತ್ತೇನೆ ಎಂದು ಹೇಳಿ ಹೊರಡುವ ರೂಢಿ ನಮ್ಮಲ್ಲಿಲ್ಲ.

ಶನಿವಾರ ಮಧ್ಯಾಹ್ನ ನನ್ನ ಸಹನೆ ಮುಗಿಯಿತು. ಸ್ನೇಹಲ್ ಬೆಳಗಿನ ಬಸ್ಸಿಗೆ ಹಾಡು ಹುಡುಕಿಕೊಂಡು ಸವದತ್ತಿಗೆ ಹೋಗಿದ್ದಳು. ನಾಳೆ ನನ್ನನ್ನು ನೋಡಲು ಬರುವವರಿದ್ದಾರೆ. ಅವಳು ಆ ಬಾಗಿಲಲ್ಲಿ ಕಾಲು ಆಡಿಸುತ್ತಿರುವಾಗ ನಾನು ಸೀರೆ ಉಟ್ಟು ಪರರ ಮುಂದೆ ಕೂರಬೇಕು. ಆಗದು. ನಾನು ಹೋಗುವುದಾದರೆ ಮೊದಲು ಈ ವ್ಯಾನು ಊರು ಬಿಡಲಿ. ಸೀದಾ ಹೋಗಿ ಪರಾತದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ.

"ಅರಿಬಿ ಹೊಲಸ ಆಗತೈತಿ," ಎಂದ ಪರಶು, ನನ್ನ ಬಟ್ಟೆ ನೋಡಿ.

"ಆಗಲಿ."

ಹಳೆಯ ಗೋಣಿಯ ಮೇಲೆ ಒಂದೊಂದೇ ತೆಗೆದಿಟ್ಟೆ. ಉದ್ದ ಸ್ಪ್ರಿಂಗು ಮೇಲಕ್ಕೆ, ಗಿಡ್ಡದ್ದು ಕೆಳಗೆ. ಹ್ಯಾಂಡ್ ಬ್ರೇಕಿನ ಪಟ್ಟಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅಪ್ಪ ಅವನಿಗೆ ಕಲಿಸುವಾಗ ಪಕ್ಕದಲ್ಲಿ ಕೂತು ಕಿವಿಯಿಂದಲೇ ಕಲಿತವಳು ನಾನು. ಅರ್ಧ ತಾಸಿನಲ್ಲಿ ಎಲ್ಲ ಬೇರೆಯಾಯಿತು. ಪರಶು ನನ್ನ ಕೈಗಳನ್ನೇ ನೋಡುತ್ತಿದ್ದ. ಈ ಸಲ ನಾನು ತಲೆ ಎತ್ತಿದರೂ ಅವನು ಕಣ್ಣು ತೆಗೆಯಲಿಲ್ಲ. ಕೆನ್ನೆ ಬಿಸಿಯಾಗಿ ನಾನೇ ಕೆಳಗೆ ನೋಡಿದೆ.

ಆಮೇಲೆ ಅವನ ಕೈ ಓಡಿತು ನೋಡಿ! ಬ್ರೇಕಿನ ಸಿಲಿಂಡರಿನ ರಬ್ಬರು ಹರಿದು ಎಣ್ಣೆ ಸೋರಿದ್ದೇ ಮೂಲ ರೋಗವಾಗಿತ್ತು. ಬೈಲಹೊಂಗಲದಿಂದ ತಂದಿಟ್ಟಿದ್ದ ಹೊಸ ರಬ್ಬರು ಹಾಕಿದ, ಹೊಸ ಶೂ ಕೂರಿಸಿದ, ಡ್ರಮ್ಮು ಉಜ್ಜಿ ಮುಚ್ಚಿದ. ಐದು ದಿನದಲ್ಲಿ ಆಗದ್ದು ಎರಡೂವರೆ ತಾಸಿನಲ್ಲಿ ಮುಗಿಯಿತು. ಒಂದು ಸಲವೂ ತಡವರಿಸಲಿಲ್ಲ. ಅದನ್ನು ನೋಡುತ್ತ ನನಗೆ ಅನುಮಾನ ಶುರುವಾಯಿತು.

ಕೊನೆಗೆ ಉಳಿದದ್ದು ಬ್ರೇಕಿನ ಎಣ್ಣೆ ಹರಿಯುವ ಪೈಪಿನೊಳಗಿನ ಗಾಳಿ ತೆಗೆಯುವುದು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಡಿಯ ಕೆಳಗೆ ಮಲಗಿ, ಗಾಲಿಯ ಹತ್ತಿರದ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಗಾಳಿ ಹೋದ ಮೇಲೆ ಬಿಗಿಯಬೇಕು. ಬಿಗಿಯುವ ತನಕ ಮೇಲಿನವರು ಕಾಲು ತೆಗೆಯುವಂತಿಲ್ಲ. ನಾನು ಡ್ರೈವರ್ ಸೀಟು ಹತ್ತಿದೆ. ಅವನು ಕೆಳಗೆ ಸರಿದು ಮರೆಯಾದ.

"ಒತ್ತ," ಎಂದಿತು ಕೆಳಗಿನ ದನಿ. "ಹಿಡಿ... ಹಾಂ, ಬಿಡು."

ನಾಲ್ಕಾರು ಸಲ ಹಾಗೇ ನಡೆಯಿತು. ಮುಖ ಕಾಣದಿದ್ದರೆ ಮಾತು ಸಲೀಸು.

"ಪರಶು, ನಿನಗ ಆ ಸ್ಪ್ರಿಂಗು ಗೊತ್ತಿದ್ದೂವು."

ಕೆಳಗೆ ಪಾನಾ ನಿಪ್ಪಲ್ಲಿಗೆ ತಾಗಿದ ಸದ್ದಾಯಿತು. ಆಮೇಲೆ, "ಒತ್ತ."

ಒತ್ತಿ ಹಿಡಿದೆ. "ಗೊತ್ತಿದ್ದೂ ಐದ ದಿನಾ ಯಾಕ ಎಳದಿ? ಆಕಿ ಹೋಗಬಾರದಂತೇನು?"

"ಆಕಿ ಅಲ್ಲ," ಎಂದ. ಪಾನಾ ತಿರುಗಿದ ಸದ್ದು ಕೇಳಿತು. "ದೀಪಾವಳಿ ಆದಮ್ಯಾಲ ನೀ ಈ ಅಂಗಳಕ್ಕ ಬಂದಿದ್ದೇನು? ಈ ಗಾಡಿ ಬಂದ ದಿನಾ ಗ್ವಾಡಿ ಮ್ಯಾಲಿಂದ ನೋಡಿದಿ, ಎರಡೂ ಗಾಲಿ ಒಮ್ಮೆಲೆ ಬಿಚ್ಚಿದ್ರ ಕೇಳಾಕರೆ ಬರತಾಳ ಅಂತ ಬಿಚ್ಚಿದೆ. ಮರುದಿನಾನ ಬಂದಿ. ಸಿಟ್ಟ ಮಾಡ್ಕೊಂಡ ಬಂದಿ, ಆದ್ರೂ ಬಂದಿ. ಗಾಲಿ ಹಂಗ ಬಿಚ್ಚೇ ಇಟ್ರ ನಾಳೇನೂ ಬರತಾಳ ಅನಿಸ್ತು. ಗಾಡಿ ಹೋದ್ರ ನೀ ಎಲ್ಲಿ ಬರತೀ?"

"ಮ್ಯಾಡಮ್ಮರ ಕೆಲಸ ಕೆಡಿಸಿ?"

"ಅವರಿಗೆ ಹೇಳೇನಿ. ಇದ್ದದ್ದೆಲ್ಲಾ ಹೇಳೇನಿ. ಅವರ ಅಂದ್ರು, ಇರಲಿ, ನಾ ಇಲ್ಲೇ ಹಾಡ ಕೂಡಸ್ತೇನಿ ಅಂತ. ಅದಕ್ಕ ನಗಾಕತ್ತಿದ್ವಿ."

ಇಬ್ಬರೂ ಕೂಡಿ! ನಾನು ಅನ್ನ ಬಿಟ್ಟು ಕೂತಿದ್ದಾಗ ಇವರಿಬ್ಬರೂ ಚಹಾ ಕುಡಿಯುತ್ತ ನನ್ನದೇ ಮಾತು ಆಡಿ ನಗುತ್ತಿದ್ದರು! ಸಿಟ್ಟು ನೆತ್ತಿಗೇರಿತು; ಗಾಡಿಯಿಂದ ಇಳಿದು ಅವನ ಕಪಾಳಕ್ಕೆ ಬಾರಿಸಬೇಕೆಂದು ಧಡಕ್ಕನೆ ಎದ್ದೆ. ಪೆಡಲ್ ಮೇಲಿನ ಕಾಲು ತೆಗೆದದ್ದು ಆಮೇಲೆ ನೆನಪಾಯಿತು.

"ಏ, ಬಿಟ್ಟ್ಯಾ?" ಅವನು ಕೆಳಗಿಂದ ಕೂಗಿದ. "ನಿಪ್ಪಲ್ ಇನ್ನೂ ತೆರದೈತಿ! ಗಾಳಿ ಎಲ್ಲಾ ಒಳಗ ಹೋತು. ಮೊದಲಿಂದ ಮಾಡಬೇಕು."

"ಮಾಡು! ನಿನಗ ಅದ ಬೇಕಲ್ಲಾ?"

"ಹೂಂ," ಎಂದ, ಮೆಲ್ಲಗೆ. "ಅದ ಬೇಕು."

ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಮತ್ತೆ ಕೂತು ಪೆಡಲ್ ಒತ್ತಿದೆ. "ನಾಳೆ ರಾಮದುರ್ಗದವರು ಬರತಾರ, ಪರಶು. ಅಪ್ಪಗ ಯಾಕ ಕೇಳಲಿಲ್ಲ?"

"ಮಾಮಾ ನನಗ ಅನ್ನದ ದಾರಿ ತೋರಿಸ್ಯಾನ. ಅದರ ಮ್ಯಾಲ ಮಗಳನ್ನೂ ಕೊಡು ಅಂತ ಯಾವ ಬಾಯಿಲೆ ಕೇಳಲಿ?"

"ಇದ ಬಾಯಿಲೆ ಕೇಳು," ಎಂದ ಅಪ್ಪ.

ಗೋಡೆಯಾಚೆ ಅವನು ಯಾವಾಗ ಬಂದು ನಿಂತಿದ್ದನೋ. ನನ್ನ ಕಾಲು ಪೆಡಲ್ ಮೇಲೆ ಮರಗಟ್ಟಿತು. ಗಾಡಿಯ ಕೆಳಗೆ ಪಾನಾ ಬಿದ್ದ ಸದ್ದಾಯಿತು. ಪರಶು ಹೊರಗೆ ತೆವಳಿ ಬರಲು ಎರಡು ಜನ್ಮ ತೆಗೆದುಕೊಂಡ. ಎದ್ದು ನಿಂತು ಬಾಯಿ ತೆರೆದ, ಮುಚ್ಚಿದ. ಈ ಮನುಷ್ಯನನ್ನು ನಂಬಿದರೆ ನಾಳೆ ನಾನು ರಾಮದುರ್ಗದವರಿಗೆ ಚಹಾ ಕೊಡುವುದೇ ಖರೆ ಎಂದು ತಿಳಿದುಹೋಯಿತು.

"ಅಪ್ಪಾ," ನಾನೇ ಕಿಟಕಿಯಿಂದ ತಲೆ ಹಾಕಿದೆ, "ನಾ ನಾಳೆ ಯಾರ ಮುಂದೂ ಕುಂಡ್ರೂದಿಲ್ಲ. ನನಗ ಇಂವ ಬೇಕು."

ಹೇಳಿಯಾಯಿತು. ಹಗುರವೂ ಆಯಿತು, ಹೆದರಿಕೆಯೂ ಆಯಿತು. ಪರಶು ಅಪ್ಪನ ಹತ್ತಿರ ಹೋದ. ಕೈತುಂಬ ಬ್ರೇಕಿನ ಎಣ್ಣೆ. ಗೋಡೆಯ ಮೇಲಿದ್ದ ಅಪ್ಪನ ಕೈಯನ್ನು ಮುಟ್ಟಲಾರದೆ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಣೆಯನ್ನು ಆ ಕೈಯ ಮೇಲಿಟ್ಟ.

"ಕೊಡ್ರಿ, ಮಾಮಾ," ಎಂದ. ಎರಡೇ ಮಾತು.

"ಎರಡ ವರ್ಷ ದಾರಿ ನೋಡೇನಿ ನಾ," ಎಂದ ಅಪ್ಪ. "ಹುಡುಗನ ಕಡಿಯವರು ಬಂದು ಕೇಳಬೇಕು. ಹೆಣ್ಣಿನ ಅಪ್ಪ ತಾನ ಹೋಗಿ ತಗೋರಿ ಅನ್ನಾಕ ಬರತೈತೇನು? ನೀವು ಕೇಳಲಿಲ್ಲ. ಬ್ಯಾಡಾಗೇತಿ ಅಂತ ತಿಳದು ರಾಮದುರ್ಗಕ್ಕ ಮಾತ ಕಳಿಸಿದೆ."

ಪರಶು ತಲೆ ಎತ್ತಲಿಲ್ಲ. ಅಪ್ಪ ಇನ್ನೊಂದು ಕೈಯಿಂದ ಅವನ ಕೂದಲಲ್ಲಿದ್ದ ಮಣ್ಣು ಕೊಡವಿದ.

"ಕತ್ತಲಾಗೂದರಾಗ ಅವರಿಗೆ ಬರಬ್ಯಾಡ್ರಿ ಅಂತ ತಿಳಸಬೇಕು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿ ತೆರದೈತೇನು ನೋಡು, ಹೋಗು. ನಾ ನಂಬರ್ ಹುಡಕತೇನಿ."

ಪರಶು ಕೈ ತೊಳೆಯಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ. ಬೀದಿಗೆ ಬಿದ್ದು ಓಡಿದ.