ಬೂದಿಕೋಟೆ ಮತ್ತು ನಾಲ್ಕನೇ ಪ್ರೂಫ್

"ಇದನ್ನ ನಾ ಮೂರನೇ ಎಪಿಸೋಡಿಗೆ ಬಿಟ್ಟೆ ನೋಡ್ರಿ. ಬಡದಾಟ ಕಡಿಮಿ, ಗೋಡಿ ಕಟ್ಟೋದ ಹೆಚ್ಚು."

ಲಗ್ನಪತ್ರಿಕೆ ಮಾಡಿಸಲು ಬಂದ ಆ ಗಿರಾಕಿ ಬೆರಳು ತೋರಿಸಿದ್ದು ಸುಶ್ಮಿತಾಳ ಕಂಪ್ಯೂಟರಿನತ್ತ. ಪರದೆಯ ಮೇಲೆ ಬೂದಿ ಬಣ್ಣದ ಒಂದು ಕೋಟೆ. ಅದರ ಮುಂದೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಗಾರೆ ಮೆತ್ತುವ ಕರಣೆ ಹಿಡಿದು ನಿಂತ ಹುಡುಗಿ.

ಸುಶ್ಮಿತಾ ಕೀಬೋರ್ಡಿನಿಂದ ಕೈ ತೆಗೆದಳು.

ಬೆಟಗೇರಿಯ ಈ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡಲು ಕುಳಿತು ಅವಳಿಗೆ ಮೂರು ವರ್ಷ. ಆ ಚಿತ್ರ ನೋಡಿ ಇದು ಯಾವ ದೇವರು ಎಂದು ಕೇಳಿದವರಿದ್ದರು. ಕಾರ್ಟೂನ್ ನೋಡುವ ವಯಸ್ಸೇ ಎಂದು ನಕ್ಕವರಿದ್ದರು. ಅದು ಹನ್ನೆರಡು ಕಂತುಗಳ ಒಂದು ಜಪಾನಿ ಆನಿಮೆ ಎಂದು ಗುರುತಿಸಿದವರು ಮಾತ್ರ ಒಬ್ಬರೂ ಇರಲಿಲ್ಲ. ಅವಳೇ ಅದಕ್ಕೆ 'ಬೂದಿಕೋಟೆ' ಎಂದು ಕನ್ನಡದ ಹೆಸರಿಟ್ಟುಕೊಂಡು, ಒಬ್ಬಳೇ ನಾಲ್ಕು ಸಲ ನೋಡಿದ್ದಳು. ಮೂರು ವರ್ಷಕ್ಕೆ ಗುರುತು ಹಿಡಿಯುವವನು ಒಬ್ಬ ಸಿಕ್ಕ... ಸಿಕ್ಕವನು ಬಾಯಿ ತೆರೆದದ್ದೇ ಕುಂದು ಎಣಿಸಲು!

"ಮೂರಕ್ಕ ಬಿಟ್ಟವರು ಇಡೀ ಕಥಿ ಬಗ್ಗೆ ಮಾತಾಡಬಾರದ್ರಿ," ಎಂದಳು. "ಪತ್ರಿಕಿ ಯಾರದು, ಹೇಳ್ರಿ."

ಪತ್ರಿಕೆ ಅವನ ಅಣ್ಣ ವೀರುವಿನ ಮದುವೆಯದು. ಊರು ಶಿಗ್ಲಿ. ಇವನ ಹೆಸರು ಶಿವಯೋಗಿ. ಲಕ್ಷ್ಮೇಶ್ವರದಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಶ್ಮಿತಾ ಸಿಟ್ಟಿನಲ್ಲಿ ಟೈಪ್ ಮಾಡಿದ್ದರಿಂದ ವರನ ಹೆಸರು ವಧುವಿನ ಜಾಗಕ್ಕೂ, ವಧುವಿನ ಹೆಸರು ವರನ ಜಾಗಕ್ಕೂ ಹೋಗಿ ಕುಳಿತವು. ಅವನು ನಗಲಿಲ್ಲ. ಮೆಲ್ಲಗೆ ತೋರಿಸಿದ. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ನಾಳಿ ಪ್ರೂಫ್ ನೋಡಾಕ ಬರ್ತೀರಲ್ಲ, ಬರೋದ್ರಾಗ ನಾಕನೇ ಎಪಿಸೋಡ ನೋಡ್ಕೊಂಡ ಬರ್ರಿ."

ಮಷಿನ್ನಿನ ಹಿಂದೆ ಮಾಲೀಕ ಮೌಲಾಸಾಬ ಕೆಮ್ಮಿದ. ನಲವತ್ತು ವರ್ಷದಲ್ಲಿ ಆ ಪ್ರೆಸ್ಸಿನಿಂದ ಗಿರಾಕಿಗೆ ಮನೆಗೆಲಸ ಕೊಟ್ಟು ಕಳಿಸಿದ್ದು ಅದೇ ಮೊದಲು.

ಆ ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಮದುವೆ ಮನೆಯವರಲ್ಲಿ ಒಬ್ಬರು ಬಂದು ಪ್ರೂಫ್ ಓದಿ, ಕೆಳಗೆ 'ಸರಿ ಐತಿ' ಎಂದು ಬರೆದು ಸಹಿ ಹಾಕುವ ತನಕ ಕಾಗದ ಮಷಿನ್ನು ಏರುವಂತಿಲ್ಲ. ಕಾರಣವಿತ್ತು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಎರಡು ಸಾಲಾದರೆ ಹಿರಿಯರ ಹೆಸರು ಇಪ್ಪತ್ತು ಸಾಲು. ದೊಡ್ಡ ಸೋದರಮಾವನ ಹೆಸರು ಸಣ್ಣ ಸೋದರಮಾವನ ಕೆಳಗೆ ಬಿದ್ದರೆ ಮದುವೆಯ ದಿನ ಒಬ್ಬರು ಉಣ್ಣದೆ ಎದ್ದು ಹೋಗುತ್ತಾರೆ. ಹಾಗಾಗಿ ಯಾವ ಪತ್ರಿಕೆಯೂ ಒಂದೇ ಪ್ರೂಫಿಗೆ ಮುಗಿದದ್ದಿಲ್ಲ.

ಶಿವಯೋಗಿ ಮರುದಿನ ಬರಲಿಲ್ಲ. ಅದರ ಮರುದಿನ ಬಂದ. ಕಣ್ಣು ಕೆಂಪಗಿದ್ದವು. ಮಾವಂದಿರ ಹೆಸರುಗಳನ್ನು ತಿದ್ದಿಸಿ, ಹೊರಡದೆ ಅಲ್ಲೇ ನಿಂತ.

"ಏಳರ ತನಕ ನೋಡಿದೆ," ಎಂದ. "ತಪ್ಪಾತ್ರಿ."

ಸುಶ್ಮಿತಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಮಾತಾಡಿದಳು ನೋಡಿ, ಮೂರು ವರ್ಷ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಬೂದಿಕೋಟೆಯನ್ನು ಜನ ಕೈಬಿಟ್ಟದ್ದು ಅದು ಕೆಟ್ಟದಾಗಿದೆ ಎಂದಲ್ಲ. ಪೋಸ್ಟರಿನಲ್ಲಿ ಬರೀ ಕತ್ತಿ ತೋರಿಸಿದರು. ಕತ್ತಿಗಾಗಿ ಬಂದವರು ಬೇಸರದಿಂದ ಎದ್ದು ಹೋದರು, ಇಂಥ ಕಥೆ ಬೇಕಾದವರು ಬರಲೇ ಇಲ್ಲ. ಹಾಗಂತ ಯುದ್ಧಗಳೇನು ಸಾಧಾರಣವೇ? ಒಂದೊಂದು ನಾಲ್ಕು ನಿಮಿಷ ಮೀರುವುದಿಲ್ಲ, ಆದರೆ ಉಸಿರು ಹಿಡಿದು ನೋಡಬೇಕು. ಯಾಕೆಂದರೆ ಬೆಂಕಿಮೃಗ ಬಂದು ಗಾಣದ ಮೇಲೆ ಬಿದ್ದರೆ ಆ ಗಾಣ ಯಾರದು, ಅದರಿಂದ ಯಾವ ಮುದುಕಿ ಬದುಕುತ್ತಾಳೆ ಎಂದು ನಮಗೆ ಮೊದಲೇ ಗೊತ್ತಿರುತ್ತದೆ. ಬೇರೆಯವರು ಊರು ಸುಟ್ಟ ಮೇಲೆ ಮುಂದಿನ ಯುದ್ಧಕ್ಕೆ ಹೋಗುತ್ತಾರೆ. ಮಿಯೋ ಎಂಬ ಈ ಹುಡುಗಿ ಮಾತ್ರ ಕತ್ತಿ ಒರೆಸಿಟ್ಟು ಕರಣೆ ಕೈಗೆತ್ತಿಕೊಳ್ಳುತ್ತಾಳೆ. ಗೆದ್ದವಳೇ ಒಡೆದದ್ದನ್ನು ಕಟ್ಟುತ್ತಾಳೆ. ಇದನ್ನು ಇನ್ಯಾವ ಕಥೆಯಲ್ಲಿ ನೋಡಿದ್ದೀರಿ, ಹೇಳಿ?

ಅವನು ತನ್ನ ಕೈ ನೋಡಿಕೊಂಡ.

"ನನ್ನ ಅಂಗಡಿಗೆ ಸುಟ್ಟ ಮೋಟಾರ ತರತಾರ," ಎಂದ. "ಹಳೇ ತಂತಿ ಬಿಚ್ಚಿ, ಹೊಸಾದು ಒಂದೊಂದ ಸುತ್ತ ಎಣಿಸಿ ಸುತ್ತಬೇಕು. ನೀರು ಬಂತಂದ್ರ ಬಾವಿ ಚಲೋ ಐತಿ ಅಂತಾರ. ಮೋಟಾರ ಕಟ್ಟಿದಾವನ ಹೆಸರು ಯಾರೂ ಎತ್ತೂದಿಲ್ರಿ. ಏಳನೇ ಎಪಿಸೋಡಿನ್ಯಾಗ ಆಕಿ ಒಬ್ಬಾಕೀನ ಕುಂತು ಬಾವಿಕಟ್ಟಿ ಕಟ್ತಾಳಲ್ಲ... ಅಲ್ಲಿ ನಿಲ್ಲಿಸಿ ಬಿಟ್ಟೆ. ಮುಂದ ನೋಡಾಕ ಆಗಲಿಲ್ಲ."

ಸುಶ್ಮಿತಾ ಅವನ ಕೈ ನೋಡಿದಳು. ಬೆರಳ ತುದಿಗಳಲ್ಲಿ ತಾಮ್ರದ ತಂತಿ ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದವು. ಈ ಕೈಯನ್ನು ನಾನು ಮೊನ್ನೆ ಯಾಕೆ ನೋಡಲಿಲ್ಲ, ಎಂದುಕೊಂಡಳು.

ಮೂರನೇ ಪ್ರೂಫಿಗೆ ಅವನು ಒಂದು ತಪ್ಪನ್ನು ಬೇಕೆಂದೇ ಹುಡುಕಿಕೊಂಡು ಬಂದ. ಊರಿನ ಹೆಸರಿನ ಮುಂದೆ ತಾಲೂಕು ಇಲ್ಲವಂತೆ. ಅದು ಫೋನಿನಲ್ಲಿ ಹೇಳಿದರೂ ಆಗುತ್ತಿದ್ದ ಕೆಲಸ, ಆದರೆ ಲಕ್ಷ್ಮೇಶ್ವರದಿಂದ ಬಸ್ಸು ಹಿಡಿದು ಬಂದಿದ್ದ. ಮೌಲಾಸಾಬ ಅವರಿಬ್ಬರಿಗೂ ಚಹಾ ತರಿಸಿ, ತನಗೆ ಹೊರಗೆ ಕೆಲಸವಿದೆ ಎಂದು ಎದ್ದು ಹೋದ.

ಇಬ್ಬರೂ ನಂಬರು ಕೊಟ್ಟು ತೆಗೆದುಕೊಂಡರು. ಅಂದಿನಿಂದ ಅವನು ದಿನಕ್ಕೊಂದು ಕಂತು ನೋಡಿ ಎರಡು ಸಾಲು ಬರೆಯುವುದು, ಅವಳು ಹತ್ತು ಸಾಲು ಉತ್ತರಿಸುವುದು. ಹತ್ತನೆಯದು ಮುಗಿದಾಗ ಅವಳೇ ಬರೆದಳು: ಹನ್ನೆರಡನೇದು ಒಬ್ಬರೇ ನೋಡಬ್ಯಾಡ್ರಿ, ಪತ್ರಿಕಿ ಒಯ್ಯಾಕ ಬಂದ ದಿನ ಇಲ್ಲೇ ಇಬ್ಬರೂ ಕೂಡಿ ನೋಡೂಣು.

ಕಳಿಸಿದ ಮೇಲೆ ಅದನ್ನೇ ಮತ್ತೆ ಓದಿದಳು. ಇಬ್ಬರೂ ಕೂಡಿ... ಬರೆಯಬಾರದಿತ್ತೇನೋ! ಅಷ್ಟರಲ್ಲಿ ಅವನ ಉತ್ತರ ಬಂತು: ಅಲ್ಲೀತನಕ ಕಾಯ್ತೇನಿ. ಅವಳು ಇಡೀ ದಿನ ತಪ್ಪಿಲ್ಲದೆ ಟೈಪ್ ಮಾಡಿದಳು.

ಶುಕ್ರವಾರ ನಾಲ್ಕನೇ ಪ್ರೂಫಿಗೆ ಬಂದವನು ಶಿವಯೋಗಿಯಲ್ಲ. ಅವನ ಚಿಕ್ಕಪ್ಪ, ಕಾಕಾ ಕೊಟ್ರಪ್ಪ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಗಟ್ಟಿ ದನಿ. ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ವೀರುವಿನ ಹೆಸರಿನ ಕೆಳಗೆ ಇನ್ನೊಂದು ಜೋಡಿಯನ್ನು ಸೇರಿಸಬೇಕಿತ್ತು.

ಚಿ. ಶಿವಯೋಗಿ.

ಅದರ ಎದುರಿಗೆ 'ಚಿ. ಕುಂ. ಸೌ.' ಎಂದು ಬರೆದು, ಮುಂದೆ ಬರೀ ಚುಕ್ಕೆಗಳು.

"ಅಣ್ಣತಮ್ಮರ ಲಗ್ನ ಒಂದ ಹಂದರದಾಗ ಮುಗಸೂದೈತಿ ನೋಡವ್ವಾ," ಎಂದ ಕೊಟ್ರಪ್ಪ. "ಹುಡುಗಿ ಮುಂಡರಗಿ ಕಡೆಯಾಕಿ. ಹೆಸರು ಆಮ್ಯಾಲ ಫೋನ್ ಮಾಡಿ ಹೇಳ್ತೇನಿ, ಜಾಗಾ ಬಿಟ್ಟಿರು."

ಓದುಗರೇ, ಬೇರೆ ಯಾರಾದರೂ ಆಗಿದ್ದರೆ ಆ ಚುಕ್ಕೆಗಳನ್ನು ನೋಡಿ ಇನ್ನೂ ಏನೂ ಗೊತ್ತಾಗಿಲ್ಲ ಎಂದುಕೊಳ್ಳುತ್ತಿದ್ದರು. ಆದರೆ ಸುಶ್ಮಿತಾ ಇಂಥ ಪತ್ರಿಕೆಗಳನ್ನು ನೂರಾರು ಮಾಡಿದವಳು. ಒಂದೇ ಚಪ್ಪರದಡಿ ಎರಡು ಮದುವೆ ಇಲ್ಲಿ ಹೊಸದಲ್ಲ. ಉಡಿ ತುಂಬಿ ನಿಶ್ಚಯ ಮಾಡುವ ಮೊದಲು ಹುಡುಗಿಯ ಹೆಸರು ಹೊರಗೆ ಹೇಳಬಾರದೆಂದು ಮನೆಯವರು ಹೀಗೆಯೇ ಚುಕ್ಕೆ ಹಾಕಿಸುತ್ತಾರೆ. ಅವಳ ಕಸುಬಿನ ಲೆಕ್ಕದಲ್ಲಿ ಚುಕ್ಕೆ ಎಂದರೆ ಹುಡುಗಿ ಗೊತ್ತಾಗಿದ್ದಾಳೆ, ಉಡಿ ತುಂಬುವುದೊಂದೇ ಬಾಕಿ. ಮೂರು ವರ್ಷದಲ್ಲಿ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಅವಳು ಹೆಸರು ಟೈಪ್ ಮಾಡಿದಳು. ಚುಕ್ಕೆಗಳನ್ನು ಒಂದೊಂದಾಗಿ ಒತ್ತಿದಳು. ಹದಿನೆಂಟಾದವು.

ಅವನಿಗೆ ಗೊತ್ತಿತ್ತು... ಗೊತ್ತಿದ್ದೂ 'ಕಾಯ್ತೇನಿ' ಎಂದು ಬರೆದ. ನಾನೇ ಹುಚ್ಚಿ. ಆನಿಮೆ ನೋಡಿದವರೆಲ್ಲ ನನ್ನವರು ಎಂದುಕೊಂಡೆ.

ಆ ದಿನ ಶಿವಯೋಗಿ ಹನ್ನೊಂದನೇ ಕಂತಿನ ಬಗ್ಗೆ ಬರೆದದ್ದಕ್ಕೆ ಅವಳು ಉತ್ತರಿಸಲಿಲ್ಲ. ಶನಿವಾರದಿಂದ ಫೋನುಗಳು ಬಂದವು, ಎತ್ತಲಿಲ್ಲ. ಕಂಪ್ಯೂಟರಿನ ಪರದೆಯಿಂದ ಬೂದಿಕೋಟೆಯನ್ನು ತೆಗೆದು ಬರೀ ನೀಲಿ ಬಣ್ಣ ಹಾಕಿದಳು. ಮೌಲಾಸಾಬ ಅದನ್ನು ನೋಡಿದ. ಸೋಮವಾರ, ಮಂಗಳವಾರ ಅವಳಿಗೆ ಟೈಪಿಂಗಿನ ಬದಲು ಮಷಿನ್ನಿನ ಕೆಲಸ ಕೊಟ್ಟ. ಅಳು ಬಂದವರಿಗೆ ಕೈ ಮಸಿಯಾಗುವ ಕೆಲಸ ಒಳ್ಳೆಯದು ಎಂಬುದು ಅವನ ಅನುಭವ.

ಬುಧವಾರ ಮಧ್ಯಾಹ್ನ ಶಿವಯೋಗಿ ಬಂದ. ಅಂಗಿಯ ತುಂಬ ಬಸ್ಸಿನ ಧೂಳು.

ಸುಶ್ಮಿತಾ ನಾಲ್ಕನೇ ಪ್ರೂಫನ್ನು ಅವನ ಮುಂದೆ ಸರಿಸಿದಳು. "ನಾಳಿ ಮಷಿನ್ನಿಗೆ ಹೋಗಬೇಕು. ಹುಡುಗಿ ಹೆಸರು ಹೇಳಿದ್ರ ಹಾಕ್ತೇನಿ. ಸಹಿ ಮಾಡ್ರಿ."

ಅವನು ಆ ಹಾಳೆಯನ್ನು ನೋಡುತ್ತಲೇ ನಿಂತ. ತನ್ನ ಹೆಸರು ಪತ್ರಿಕೆಯ ತನಕ ಬಂದಿದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ.

"ಅದಕ್ಕ ಫೋನ್ ಎತ್ತಲಿಲ್ಲೇನು ನೀವು?"

ಅವನು ಸ್ಟೂಲು ಎಳೆದುಕೊಂಡು ಕುಳಿತು ಎಲ್ಲವನ್ನೂ ಹೇಳಿದ. ಹುಡುಗಿಯನ್ನು ಅವನು ನೋಡಿಯೇ ಇರಲಿಲ್ಲ. ಕಾಕಾ ಹುಡುಗಿಯ ಅಪ್ಪ, ಮುಂಡರಗಿಯ ತಿರಕಪ್ಪನವರಿಗೆ ತಾನೇ ಮಾತು ಕೊಟ್ಟು, ಸೋಮವಾರ ಕನ್ಯೆ ನೋಡಲು ಬರುತ್ತೇವೆಂದು ಹೇಳಿಬಿಟ್ಟಿದ್ದ. ಭಾನುವಾರ ಸಂಜೆ ಅವ್ವ ನೀಲಗಂಗವ್ವ, ನಾಳೆಗೆ ಅಂಗಿ ಇಸ್ತ್ರಿ ಮಾಡಿಸಿಕೋ ಎಂದಾಗಲೇ ಇವನಿಗೆ ಸುದ್ದಿ ಗೊತ್ತಾದದ್ದು. ಅಲ್ಲೇ ಕಾಕಾನ ಜೊತೆ ಜಗಳವಾಯಿತು. ಒಲ್ಲೆ ಎಂದರೆ ಒಲ್ಲೆ ಎಂದ. ಕಾಕಾ ಸಿಟ್ಟಿನಿಂದ ಎದ್ದು ಹೋದ.

"ಕಾಕಾನ ಕೂಡ ಜಗಳ ಹತ್ತು ನಿಮಿಷಕ್ಕ ಮುಗೀತ್ರಿ," ಎಂದ ಶಿವಯೋಗಿ. "ಆದ್ರ ಮುಂಡರಗಿಯೊಳಗ ಅವರು ಮನಿ ಸಾರಿಸಿ, ನಮ್ಮ ಹಾದಿ ಕಾಯಾಕ ಹತ್ತಿದ್ರು. ಕಾಕಾ, ನಾವು ಬರೂದಿಲ್ಲ ಅಂತ ಫೋನ್ ಮಾಡಿ ಕೈ ತೊಳ್ಕೊಂಡಿದ್ದ. ಆ ಹುಡುಗಿದೇನು ತಪ್ಪು ಐತ್ರಿ? ಓಣ್ಯಾಗ ಮಂದಿ ಏನರ ಅಂತಾರ. ಅದಕ್ಕ ಇವತ್ತ ಮುಂಜಾನಿ ನಾನ ಹೋಗಿದ್ದೆ. ತಪ್ಪು ನಮ್ಮದು, ನಿಮ್ಮ ಮಗಳದಲ್ಲ ಅಂತ ಅವರ ಮಂದಿ ಮುಂದನ ಹೇಳಿದೆ."

"ಏನಂದ್ರು?"

"ಆಕಿ ಅಪ್ಪ ಬೈದ್ರು. ಪೂರಾ ಕೇಳ್ಕೊಂಡೆ. ಆಮ್ಯಾಲ ಚಹಾ ಕೊಟ್ರು."

ಮಷಿನ್ನು ನಿಂತಿತ್ತು. ಮೌಲಾಸಾಬ ಅದಕ್ಕೆ ಎಣ್ಣೆ ಬಿಡುವವನಂತೆ ಅತ್ತ ತಿರುಗಿ ಕುಳಿತಿದ್ದ.

"ಮೂರನೇ ಎಪಿಸೋಡಿಗೆ ಬಿಟ್ಟ ಮನಷ್ಯಾನ ಆಗಿದ್ರ ಜಗಳಾ ಮಾಡಿ ಅಲ್ಲಿಗೇ ಬಿಡತಿದ್ದೆ," ಎಂದ ಅವನು. "ನೀವು ಮುಂದ ನೋಡು ಅಂದ್ರಿ. ಅದಕ್ಕ ಮುಂಡರಗಿಗೆ ಹೋದೆ."

ಮೂರು ವರ್ಷ ಸುಶ್ಮಿತಾ ಆ ಕಥೆಯ ಪರವಾಗಿ ಎಷ್ಟೊಂದು ವಾದಗಳನ್ನು ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡಿದ್ದಳು. ಅವೆಲ್ಲಕ್ಕಿಂತ ದೊಡ್ಡದೊಂದನ್ನು ಇವನು ಮುಂಡರಗಿ ಬಸ್ಸಿನಲ್ಲಿ ಹೋಗಿ ಮಾಡಿಕೊಂಡು ಬಂದಿದ್ದ. ನಾಲ್ಕು ದಿನ ಇವನ ಒಂದು ಫೋನನ್ನೂ ಎತ್ತಲಿಲ್ಲವಲ್ಲ ನಾನು... ನಾನೂ ಮೂರಕ್ಕೇ ಬಿಟ್ಟವಳೇ ಆದೆ.

"ಚುಕ್ಕಿ ನೋಡಿ, ನಿಮ್ಮನ್ನ ಕೇಳದ ಏನೇನೋ ತಿಳಕೊಂಡೆ," ಎಂದಳು ಮೆಲ್ಲಗೆ. "ನನ್ನದೂ ತಪ್ಪಾತು."

ಅವನು ಪ್ರೂಫಿನ ಖಾಲಿ ಜಾಗದ ಮೇಲೆ ಬೆರಳಿಟ್ಟ. "ಇಲ್ಲಿ ಯಾರ ಹೆಸರು ಬೇಕು ಅಂತ ನನ್ನ ಮನಸ್ಸಿಗೆ ಗೊತ್ತೈತಿ. ನೀವಂದ್ರ ನನಗ ಭಾಳ ಇಷ್ಟ, ಸುಶ್ಮಿತಾ ಅವರ. ಆದ್ರ ಆ ಹೆಸರು ನಾ ಹೇಳಿ ಹಾಕಸೂದಲ್ಲ. ಇಡತೀರೋ, ಅಳಸತೀರೋ, ನಿಮ್ಮ ಕೈಯಾಗ ಐತಿ."

ಅವಳು ಕಂಪ್ಯೂಟರಿಗೆ ತಿರುಗಿದಳು. ಆ ಸಾಲಿನ ಕೊನೆಗೆ ಹೋಗಿ ಚುಕ್ಕೆಗಳನ್ನು ಅಳಿಸತೊಡಗಿದಳು. ಹದಿನೆಂಟೂ ಹೋದವು. ಆಮೇಲೆ 'ಚಿ. ಕುಂ. ಸೌ.' ಹೋಯಿತು. ಆಮೇಲೆ ಅವನ ಹೆಸರೂ ಹೋಯಿತು. ಪತ್ರಿಕೆಯಲ್ಲಿ ಅಣ್ಣನೊಬ್ಬನೇ ಉಳಿದ.

ಶಿವಯೋಗಿಯ ಮುಖ ಬಿಳಿಚಿತು. ಎದ್ದು ನಿಂತ. "ಆತ್ರಿ," ಎಂದನಷ್ಟೆ.

"ಕುಂಡ್ರಿ," ಎಂದಳು ಸುಶ್ಮಿತಾ. "ಇದು ನಿಮ್ಮಣ್ಣನ ಪತ್ರಿಕಿ. ನಿಮ್ಮ ಕಾಕಾ ಬ್ಯಾರೆಯಾಕಿಗೆ ಅಂತ ಬಿಟ್ಟ ಜಾಗಾದಾಗ ನನ್ನ ಹೆಸರು ಬ್ಯಾಡ. ಮೊದಲ ನಿಮ್ಮ ಅವ್ವನ್ನ ನಮ್ಮ ಮನಿಗೆ ಕರ್ಕೊಂಡ ಬರ್ರಿ, ನಮ್ಮವ್ವನ ಕೂಡ ಮಾತಾಡ್ಲಿ. ಕಾಕಾನ್ನೂ ಸಮಾಧಾನ ಮಾಡಿ ಕರ್ಕೊಂಡ ಬರ್ರಿ. ಎಲ್ಲಾರೂ ಹೂಂ ಅಂದ ಮ್ಯಾಲ ನಮ್ಮದು ಬ್ಯಾರೆ ಪತ್ರಿಕಿ. ಮೊದಲನೇ ಸಾಲಿನಿಂದ ನಾನ ಟೈಪ್ ಮಾಡ್ತೇನಿ."

ಅವನು ಕುಳಿತ. ಪೆನ್ನು ತೆಗೆದುಕೊಂಡು, ಅವಳು ಮುದ್ರಿಸಿ ಕೊಟ್ಟ ಅಣ್ಣನ ಹೊಸ ಪ್ರೂಫಿನ ಕೆಳಗೆ 'ಸರಿ ಐತಿ' ಎಂದು ಬರೆದು ಸಹಿ ಹಾಕಿದ. ಮೌಲಾಸಾಬ ಎದ್ದು ಬಂದು ಅದನ್ನು ಮಷಿನ್ನಿನ ಕಡೆಗೆ ಒಯ್ದ.

ಹನ್ನೆರಡನೇ ಕಂತನ್ನು ಅವರು ಅಲ್ಲೇ ಕೂಡಿ ನೋಡಿದರು. ಬೂದಿಕೋಟೆಯಲ್ಲಿ ನೋಡುಗರಿಂದ ಅತಿ ಕಡಿಮೆ ಅಂಕ ಬಿದ್ದದ್ದು ಈ ಕಂತಿಗೇ. ದೊಡ್ಡ ಯುದ್ಧ ಅರ್ಧಕ್ಕೇ ಮುಗಿದುಹೋಗುತ್ತದೆ. ಉಳಿದ ಅರ್ಧದಲ್ಲಿ ಮಿಯೋ ಕೋಟೆಯ ಬಾಗಿಲಿನ ಕೊನೆಯ ಕಲ್ಲು ಕೂರಿಸುತ್ತಾಳೆ. ಹನ್ನೊಂದು ಕಂತುಗಳಲ್ಲಿ ಅವಳಿಗೆ ಒಂದು ಒಳ್ಳೆಯ ಮಾತೂ ಹೇಳದ ಗಾಣದ ಮುದುಕಿ ತಂಬಿಗೆ ತುಂಬ ಬಿಸಿನೀರು ತಂದು, ಕೈ ತೊಳೆದುಕೊಂಡು ಊಟಕ್ಕೆ ಬಾ ಎನ್ನುತ್ತಾಳೆ. ಅಷ್ಟೇ. ಸುಶ್ಮಿತಾ ಐದನೇ ಸಲವೂ ಅತ್ತಳು. ಆದರೆ ಈ ಸಲ ಪಕ್ಕದಲ್ಲಿ ಇನ್ನೊಬ್ಬನೂ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅವನು ಎದ್ದು ಮೂಲೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು ಬಂದ. ಎರಡು ದಿನದ ಮಷಿನ್ನಿನ ಮಸಿ ಅವಳ ಬೆರಳುಗಳಲ್ಲಿ ಇನ್ನೂ ಇತ್ತು.

"ಕೈ ತೊಳ್ಕೊ, ಸುಶ್ಮಿತಾ."

ಅವಳು ತಲೆ ಎತ್ತಿದಳು. "ಇಷ್ಟ ದಿನ ಎಲ್ಲಾದಕ್ಕೂ 'ರಿ' ಹಚ್ಚಿ ಮಾತಾಡ್ತಿದ್ರಿ."

"ಈ ಪ್ರೂಫಿನ್ಯಾಗ 'ರಿ' ತಗದೇನಿ," ಎಂದ ಅವನು ನೀರು ಸುರಿಯುತ್ತ. "ನೀನ ಓದಿ ಹೇಳು."

ಅವಳು ಎರಡೂ ಕೈ ಚಾಚಿದಳು.

"ಸರಿ ಐತಿ."